ಸನತ್‌ನಗರದ ಸಸ್ಯಾಹಾರಿ ಕನ್ನಡಿಗ: ಬೋರ್ಡು ನಂಬಬೇಕೋ, ನಾಲಿಗೆ ನಂಬಬೇಕೋ?

ಹೈದರಾಬಾದ್: ಯುಗಾದಿ ಇರಲಿ, ರಾಜ್ಯೋತ್ಸವ ಇರಲಿ, ಸಂಘದ ಸರ್ವ ಸದಸ್ಯರ ಸಭೆಯೇ ಇರಲಿ, ವಂದನಾರ್ಪಣೆ ಮುಗಿದ ಮೇಲೆ ನಮ್ಮವರ ಮಾತು ಬಂದು ನಿಲ್ಲುವುದು ಊಟದ ಮೇಲೆ. 'ನಿಮ್ಮ ಕಡೆ ಒಳ್ಳೆಯ ವೆಜ್ ಹೋಟೆಲ್ ಯಾವುದಿದೆ?' ಎಂದು ಒಬ್ಬರು ಕೇಳಿದರೆ ಹತ್ತು ಜನ ಹತ್ತು ಉತ್ತರ ಕೊಡುತ್ತಾರೆ. ಸನತ್‌ನಗರ, ಎರ್ರಗಡ್ಡ, ಎಸ್.ಆರ್. ನಗರ, ಅಮೀರ್‌ಪೇಟೆ ಕಡೆಯ ಕನ್ನಡಿಗರಂತೂ ಈ ವಿಷಯದಲ್ಲಿ ಯಾರಿಗೂ ಸೋಲುವವರಲ್ಲ. ಒಬ್ಬರಿಗೆ ಅಮೃತವಾದ ಸಾಂಬಾರು ಇನ್ನೊಬ್ಬರಿಗೆ ಹುಣಸೆ ನೀರು.

ಇದು ಬರೀ ನಾಲಿಗೆ ಚಪಲವಲ್ಲ. ಹೊರಗೆ ತಿನ್ನುವ ಸಸ್ಯಾಹಾರಿಗೆ ತೆಲಂಗಾಣದಲ್ಲಿ ಹುಡುಕಾಟ ತಪ್ಪಿದ್ದಲ್ಲ. 2014ರ ಮಾದರಿ ನೋಂದಣಿ ವ್ಯವಸ್ಥೆಯ ಸಮೀಕ್ಷೆಯ ಪ್ರಕಾರ 15 ವರ್ಷ ದಾಟಿದವರಲ್ಲಿ ಸಸ್ಯಾಹಾರಿಗಳ ಪ್ರಮಾಣ ಕರ್ನಾಟಕದಲ್ಲಿ ಶೇ. 21ರಷ್ಟಿದ್ದರೆ, ತೆಲಂಗಾಣದಲ್ಲಿ ಶೇ. 1.3 ಮಾತ್ರ. ಅಂದರೆ ಊರಿನಲ್ಲಿ ಐವರಲ್ಲಿ ಒಬ್ಬನಾಗಿದ್ದವನು ಇಲ್ಲಿಗೆ ಬಂದ ಮೇಲೆ ನೂರರಲ್ಲಿ ಒಬ್ಬನಾಗುತ್ತಾನೆ. ವ್ಯಾಪಾರಿ ನೂರು ಜನರನ್ನು ನೋಡಿ ಅಂಗಡಿ ಇಡುತ್ತಾನೆಯೇ ಹೊರತು ಒಬ್ಬನನ್ನು ನೋಡಿ ಅಲ್ಲ. ಅದರಲ್ಲಿ ಅವನ ತಪ್ಪೇನೂ ಇಲ್ಲ. ಹಾಗಾಗಿ ಕೇಳಿ ತಿಳಿದು ತಿನ್ನುವ ಹೊಣೆ ಗ್ರಾಹಕನದೇ.

ಈ ಲೇಖನದಲ್ಲಿ ಬಡಾವಣೆಯ ಯಾವ ಹೋಟೆಲಿನ ಹೆಸರನ್ನೂ ಹಾಕಿಲ್ಲ. ಅಡುಗೆಯವನು ಬಿಟ್ಟು ಹೋದರೆ ಮರುದಿನವೇ ರುಚಿ ಬದಲಾಗುತ್ತದೆ, ಹೆಸರು ಮಾತ್ರ ಹಾಗೇ ಇರುತ್ತದೆ. ಹೆಸರಿಗಿಂತ ಲಕ್ಷಣ ತಿಳಿದಿದ್ದರೆ ಹೊಸ ಹೋಟೆಲಿಗೂ ಧೈರ್ಯವಾಗಿ ಹೋಗಬಹುದು.

ಕಾರ್ಖಾನೆಯ ಊರು, ಟಿಫಿನ್ನಿನ ಊರು

ಸನತ್‌ನಗರ ಮೊದಲಿನಿಂದಲೂ ದುಡಿಯುವವರ ಪ್ರದೇಶ. 1942ರಲ್ಲಿ ಆರಂಭವಾದ ಹೈದರಾಬಾದ್ ಆಲ್ವಿನ್ ಕಂಪನಿಯ ಹೆಸರು ಹಳಬರಿಗೆಲ್ಲ ಗೊತ್ತು. ಫ್ರಿಜ್, ಕೈಗಡಿಯಾರ, ಬಸ್ಸಿನ ಬಾಡಿ ಎಲ್ಲವನ್ನೂ ಮಾಡುತ್ತಿದ್ದ ಆ ಕಂಪನಿ ಈಗಿಲ್ಲ. ಆದರೆ ಕೈಗಾರಿಕಾ ವಸಾಹತು ಇದೆ, ಇ.ಎಸ್.ಐ. ಆಸ್ಪತ್ರೆ ಇದೆ, ಹೌಸಿಂಗ್ ಬೋರ್ಡಿನ ಮನೆಗಳಿವೆ. ಪಕ್ಕದ ಅಮೀರ್‌ಪೇಟೆಯಲ್ಲಿ ಸಾಫ್ಟ್‌ವೇರ್ ಕೋಚಿಂಗ್ ಸೆಂಟರ್‌ಗಳು, ಅವುಗಳನ್ನು ನಂಬಿಕೊಂಡ ಹಾಸ್ಟೆಲ್‌ಗಳು ತುಂಬಿವೆ. ಬೆಳಗಿನ ಪಾಳಿಗೆ ಓಡುವವರು, ಆಸ್ಪತ್ರೆಯಲ್ಲಿ ರೋಗಿಯ ಜೊತೆ ಉಳಿದವರು, ಕ್ಲಾಸಿಗೆ ಹೊರಟ ಹುಡುಗರು ಇವರೆಲ್ಲರಿಗೂ ಬೇಕಾದದ್ದು ಬೇಗ ಸಿಗುವ, ಅಗ್ಗದ, ಹೊಟ್ಟೆ ತುಂಬುವ ತಿಂಡಿ. ಅದಕ್ಕೇ ಇಲ್ಲಿ ದೊಡ್ಡ ಹೋಟೆಲುಗಳಿಗಿಂತ ಟಿಫಿನ್ ಸೆಂಟರುಗಳು ಮತ್ತು ತಳ್ಳುಗಾಡಿಯ 'ಬಂಡಿ'ಗಳದ್ದೇ ಕಾರುಬಾರು.

ಕನ್ನಡಿಗರಿಗೂ ಈ ಪ್ರದೇಶಕ್ಕೂ ನಂಟು ಹಳೆಯದು. ಸನತ್‌ನಗರ ರೈಲು ನಿಲ್ದಾಣ ಇರುವುದು 1874ರಲ್ಲಿ ಆರಂಭವಾದ ವಾಡಿ–ಸಿಕಂದರಾಬಾದ್ ಮಾರ್ಗದಲ್ಲಿ. ವಾಡಿ ಇರುವುದು ಕಲಬುರಗಿ ಜಿಲ್ಲೆಯಲ್ಲಿ. 1956ರವರೆಗೆ ಬೀದರ್, ಕಲಬುರಗಿ, ರಾಯಚೂರಿನವರಿಗೆ ಹೈದರಾಬಾದೇ ರಾಜಧಾನಿ. 1956ರ ನವೆಂಬರ್ 1ರಂದು ಆ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದ ಮೇಲೂ ಓದಿಗೆ, ಆಸ್ಪತ್ರೆಗೆ, ಉದ್ಯೋಗಕ್ಕೆ ಇಲ್ಲಿಗೆ ಬರುವುದು ನಿಲ್ಲಲಿಲ್ಲ. ಇನ್ನೊಂದು ಕಡೆ ಕರಾವಳಿಯವರು ಹೋಟೆಲ್ ವೃತ್ತಿ ಹಿಡಿದು ಊರೂರು ಸುತ್ತಿದರು. ಹೀಗೆ ಒಂದೇ ಬಡಾವಣೆಯಲ್ಲಿ ರೊಟ್ಟಿಯವರೂ ಇದ್ದಾರೆ, ಇಡ್ಲಿಯವರೂ ಇದ್ದಾರೆ. ಇಬ್ಬರೂ ಸಸ್ಯಾಹಾರಿಗಳೇ ಆದರೂ ಇಬ್ಬರ ತಕರಾರು ಬೇರೆ ಬೇರೆ.

ಬೋರ್ಡಿನ ಮೇಲಿನ ಉಡುಪಿ

ಕನ್ನಡಿಗನ ಕಣ್ಣು ಮೊದಲು ಹುಡುಕುವುದು 'ಉಡುಪಿ' ಎಂಬ ಹೆಸರನ್ನು. ಇಲ್ಲಿ ಅದು ಹೆಚ್ಚಾಗಿ 'ಉಡಿಪಿ' ಆಗಿರುತ್ತದೆ. ಈ ಹೆಸರಿಗೆ ಬೆಲೆ ಬಂದದ್ದು ಸುಮ್ಮನೆ ಅಲ್ಲ. ಶ್ರೀಕೃಷ್ಣ ಮಠದ ಅಡುಗೆಯ ಶಿಸ್ತನ್ನು ಹೊರಗಿನ ಊರುಗಳಿಗೆ ಒಯ್ದು ಹೋಟೆಲ್ ಕಟ್ಟಿದವರ ಎರಡು ಮೂರು ತಲೆಮಾರಿನ ದುಡಿಮೆ ಅದರ ಹಿಂದಿದೆ. 1924ರಲ್ಲಿ ಬೆಂಗಳೂರಿನಲ್ಲಿ ಎಂ.ಟಿ.ಆರ್., ಮದ್ರಾಸಿನಲ್ಲಿ ಕೆ. ಕೃಷ್ಣರಾಯರ ವುಡ್‌ಲ್ಯಾಂಡ್ಸ್, 1942ರಲ್ಲಿ ಮುಂಬಯಿಯ ಮಾಟುಂಗಾದಲ್ಲಿ ಎ. ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಹೀಗೆ ಕರಾವಳಿಯವರ ಕೈರುಚಿ ಊರೂರಿನಲ್ಲಿ ನೆಲೆಯಾಯಿತು. ಹೈದರಾಬಾದಿನ ಹಳಬರು ದಕ್ಷಿಣ ಭಾರತದ ಸಸ್ಯಾಹಾರ ಎಂದರೆ ಅಬಿಡ್ಸ್‌ನ ತಾಜ್ ಮಹಲ್ ಹೋಟೆಲನ್ನು ನೆನೆಯುತ್ತಾರೆ.

ಆದರೆ ಉಡುಪಿ ಎನ್ನುವುದು ಊರಿನ ಹೆಸರು. ಬೋರ್ಡಿನ ಮೇಲೆ ಯಾರು ಬೇಕಾದರೂ ಬರೆಸಬಹುದು. ಗಲ್ಲಾದ ಮೇಲೆ ಕೃಷ್ಣನ ಫೋಟೋ ಇದ್ದ ಮಾತ್ರಕ್ಕೆ ಒಳಗಿನ ಸಾಂಬಾರು ಉಡುಪಿಯದಾಗುವುದಿಲ್ಲ. ಕರಾವಳಿಯ ಹಿರಿಯರು ಪರೀಕ್ಷೆ ಮಾಡುವುದು ಒಂದೇ ಒಂದು ಇಡ್ಲಿ ಸಾಂಬಾರಿನಿಂದ. ತೆಂಗಿನಕಾಯಿ ಇದೆಯೇ, ಒಂದು ಚೂರು ಬೆಲ್ಲ ಬಿದ್ದಿದೆಯೇ, ಹುರಿದ ಕೊತ್ತಂಬರಿಯ ಪರಿಮಳ ಬರುತ್ತದೆಯೇ ಎಂದು ನೋಡುತ್ತಾರೆ. ಹುಣಸೆ, ಖಾರ ಎರಡೇ ಎದ್ದು ಕಂಡರೆ 'ಇದು ಇಲ್ಲಿಯದೇ' ಎಂದು ತೀರ್ಪು ಕೊಡುತ್ತಾರೆ. ಕಾಯಿ ಚಟ್ನಿಯ ಜಾಗದಲ್ಲಿ ಶೇಂಗಾದ 'ಪಲ್ಲಿ ಚಟ್ನಿ' ಬಂದರೆ ಹಳಬರ ಮುಖ ಸಣ್ಣದಾಗುತ್ತದೆ. ಹುಡುಗರಿಗೆ ಮಾತ್ರ ಅದೇ ಇಷ್ಟ. ಇಲ್ಲಿ ಹುಟ್ಟಿ ಬೆಳೆದ ಕನ್ನಡದ ಮಕ್ಕಳಿಗೆ ತುಪ್ಪ, ಕಾರಂಪುಡಿ ಹಾಕಿದ ಇಡ್ಲಿ, ಶುಂಠಿ ಚಟ್ನಿಯ ಜೊತೆ ಉಪ್ಪಿಟ್ಟು ತುಂಬಿದ ಪೆಸರಟ್ಟು ಸಿಕ್ಕರೆ ಮಸಾಲೆ ದೋಸೆಯ ನೆನಪೂ ಆಗುವುದಿಲ್ಲ. ಅದನ್ನು ಬೇಸರ ಮಾಡಿಕೊಳ್ಳಬೇಕಾಗಿಲ್ಲ. ಪೆಸರಟ್ಟಿನಷ್ಟು ಪೌಷ್ಟಿಕವಾದ ಬೆಳಗಿನ ತಿಂಡಿ ಸಸ್ಯಾಹಾರಿಗೆ ಸುಲಭವಾಗಿ ಸಿಗುವುದಿಲ್ಲ.

ಹೆಸರು ಮೈಸೂರಿನದು, ರುಚಿ ಮಂಗಳೂರಿನದು

ಹೊಸದಾಗಿ ಬಂದ ಕನ್ನಡಿಗ ಮೋಸ ಹೋಗುವ ತಿಂಡಿ ಒಂದಿದೆ. ಅದು 'ಮೈಸೂರು ಬಜ್ಜಿ'. ನಮ್ಮಲ್ಲಿ ಮೈಸೂರು ಬೋಂಡ ಎಂದರೆ ಉದ್ದಿನ ಬೇಳೆ ರುಬ್ಬಿ, ಮೆಣಸು, ಕೊಬ್ಬರಿ ಚೂರು ಹಾಕಿ ಕರಿದದ್ದು. ಇಲ್ಲಿಯದು ಮೈದಾ ಹಿಟ್ಟಿಗೆ ಹುಳಿ ಮೊಸರು ಕಲಸಿ ಕರಿದದ್ದು. ಬಾಯಿಗೆ ಹಾಕಿಕೊಂಡ ಕೂಡಲೇ ದಕ್ಷಿಣ ಕನ್ನಡದವರು 'ಇದು ನಮ್ಮ ಗೋಳಿಬಜೆಯಲ್ಲವೇ!' ಎನ್ನುತ್ತಾರೆ. ಮೈಸೂರಿನವರು ಹುಬ್ಬು ಗಂಟಿಕ್ಕುತ್ತಾರೆ, ಮಂಗಳೂರಿನವರು ಇನ್ನೊಂದು ಪ್ಲೇಟ್ ಹೇಳುತ್ತಾರೆ.

ರೊಟ್ಟಿಗೆ ಕೊರತೆಯಿಲ್ಲ

ಕಲ್ಯಾಣ ಕರ್ನಾಟಕದವರಿಗೆ ಇಡ್ಲಿ, ದೋಸೆ ಊಟವಲ್ಲ. ಜೋಳದ ರೊಟ್ಟಿ ಇಲ್ಲದ ದಿನ ಊಟ ಮಾಡಿದಂತೆಯೇ ಅಲ್ಲ. ಈ ವಿಷಯದಲ್ಲಿ ಹೈದರಾಬಾದ್ ಅವರನ್ನು ಕೈಬಿಟ್ಟಿಲ್ಲ. ತೆಲಂಗಾಣದವರದೂ ಜೋಳದ ನಾಡೇ. ಸಂಜೆಯಾದರೆ ರಸ್ತೆ ಬದಿಯಲ್ಲಿ ಒಲೆ ಹೂಡಿ, ಕೈಯಲ್ಲೇ ತಟ್ಟಿ 'ಜೊನ್ನ ರೊಟ್ಟೆ' ಸುಡುವ ಹೆಂಗಸರು ಕಾಣಸಿಗುತ್ತಾರೆ. ಸಕ್ಕರೆ ಕಾಯಿಲೆಯವರು ಹೆಚ್ಚಾದ ಮೇಲೆ ಅನ್ನ ಬಿಟ್ಟು ರೊಟ್ಟಿಗೆ ಬಂದವರೂ ಬಹಳ. ಬಿಸಿ ರೊಟ್ಟಿ ಕಟ್ಟಿಸಿಕೊಂಡು ಹೋಗಿ ಮನೆಯಲ್ಲಿ ಎಣ್ಣೆಗಾಯಿ, ಶೇಂಗಾ ಹಿಂಡಿ ಜೊತೆ ತಿನ್ನುವುದು ಬೀದರ್, ಕಲಬುರಗಿಯವರಿಗೆ ಸುಲಭದ ದಾರಿ. ಪಲ್ಯ ಬೇಕಿದ್ದರೆ ಎರ್ರಗಡ್ಡದ ರೈತು ಬಜಾರ್ ಹತ್ತಿರವೇ ಇದೆ.

ಮಧ್ಯಾಹ್ನದ ಆಂಧ್ರ ಶೈಲಿಯ ಮೀಲ್ಸ್ ಬಗ್ಗೆ ಸಸ್ಯಾಹಾರಿಗಳಲ್ಲಿ ಒಡಕು ಮಾತು ಕಡಿಮೆ. ಬಿಸಿ ಅನ್ನಕ್ಕೆ ಪಪ್ಪು, ತುಪ್ಪ, ಪುಡಿ, ಗೋಂಗೂರ ಚಟ್ನಿ, ಆಮೇಲೆ ಪುಲುಸು, ಚಾರು, ಕೊನೆಗೆ ಗಟ್ಟಿ ಮೊಸರು. ಕೋಸಂಬರಿ, ತಿಳಿಸಾರು ಬೇಕೆನ್ನುವವರಿಗೆ ಮಾತ್ರ ಕೊರಗು ಉಳಿಯುತ್ತದೆ.

'ಪ್ಯೂರ್ ವೆಜ್' ಎಂದರೆ ಯಾರ ಲೆಕ್ಕದಲ್ಲಿ?

ನಿಜವಾದ ಪ್ರಶ್ನೆ ಬರುವುದು ಇಲ್ಲಿ. ಸಸ್ಯಾಹಾರಿ ಎಂಬುದು ಒಂದೇ ಜಾತಿಯ ಊಟವಲ್ಲ. ಈರುಳ್ಳಿ, ಬೆಳ್ಳುಳ್ಳಿ ಮುಟ್ಟದವರಿದ್ದಾರೆ. ಚಾತುರ್ಮಾಸ್ಯದಲ್ಲಿ ತಿಂಗಳಿಗೊಂದು ವಸ್ತು ಬಿಡುವವರಿದ್ದಾರೆ. ಗೆಡ್ಡೆ ತಿನ್ನದ ಜೈನರಿದ್ದಾರೆ. ಮೊಟ್ಟೆ ತಿಂದೂ ತಮ್ಮನ್ನು ವೆಜ್ ಎನ್ನುವವರಿದ್ದಾರೆ. ಎಲ್ಲರಿಗೂ ಒಂದೇ ಬೋರ್ಡು ಉತ್ತರ ಹೇಳಲಾರದು.

ಮೊಟ್ಟೆಯ ವಿಷಯದಲ್ಲಿ ಕಾನೂನು ಸ್ಪಷ್ಟವಾಗಿದೆ. ಪ್ಯಾಕೆಟ್ ಆಹಾರದ ಮೇಲೆ ಹಸಿರು ಚುಕ್ಕಿಯ ಗುರುತು 2001ರಿಂದ ಬಂದಿದೆ. ಹಾಲಿನ ಪದಾರ್ಥಗಳಿಗೆ ಹಸಿರು ಗುರುತು, ಮೊಟ್ಟೆ ಇದ್ದರೆ ಮಾಂಸಾಹಾರದ ಗುರುತು. ಮಾಂಸಾಹಾರಕ್ಕೆ ಮೊದಲಿದ್ದ ಕಂದು ವೃತ್ತದ ಬದಲು 2020ರ ನಿಯಮಗಳಲ್ಲಿ ಕಂದು ತ್ರಿಕೋನ ಬಂತು. ಹೀಗಾಗಿ ಬಣ್ಣ ಗುರುತಿಸಲು ಕಷ್ಟವಾದವರೂ ಆಕಾರ ನೋಡಿ ತಿಳಿಯಬಹುದು. ಆದರೆ ಬೇಕರಿಯಲ್ಲಿ ಬಿಡಿಯಾಗಿ ಕೊಡುವ ಕೇಕು, ಪಫ್‌ಗಳ ಮೇಲೆ ಚುಕ್ಕಿ ಇರುವುದಿಲ್ಲ. ಅಲ್ಲಿ ಬಾಯಿ ಬಿಟ್ಟು ಕೇಳಲೇಬೇಕು.

ಸಂಜೆಯ ನೂಡಲ್ಸ್ ಬಂಡಿಯಲ್ಲಿ ವೆಜ್ ಮಂಚೂರಿಯನ್ ಸಿಗುತ್ತದೆ. ಅದೇ ಬಾಣಲೆ, ಅದೇ ಎಣ್ಣೆ, ಅದೇ ಸೌಟು ಮೊಟ್ಟೆಗೂ ಕೋಳಿಗೂ ಇರಬಹುದು. ಎರಡೂ ಬಗೆಯ ಅಡುಗೆ ಇಟ್ಟಿರುವ 'ಕರ್ರಿ ಪಾಯಿಂಟ್'ಗಳಲ್ಲಿ ಸೌಟು ಬದಲಾಗುವುದು ಕ್ಷಣದ ಕೆಲಸ. ಸಮೋಸದಂತೆ ಕಾಣುವ ಚೌಕಾಕಾರದ 'ಲುಖ್ಮಿ' ಹೈದರಾಬಾದಿನ ಹಳೆಯ ತಿಂಡಿ. ಅದರ ಹೂರಣ ಕೊಚ್ಚಿದ ಮಾಂಸ ಎಂಬುದು ಹೊಸಬರಿಗೆ ಗೊತ್ತಿರುವುದಿಲ್ಲ. ಬಿಳಿ ಷರ್ಟಿನ ಮೇಲೆ ಸಾಂಬಾರು ಚೆಲ್ಲಿದರೆ ತೊಳೆದುಕೊಳ್ಳಬಹುದು. ಜೀವಮಾನ ಪಾಲಿಸಿದ ನೇಮ ಒಂದು ತುತ್ತಿನಲ್ಲಿ ತಪ್ಪಿದರೆ ಹಿರಿಯರು ಅದನ್ನು ಬಹಳ ದಿನ ಮನಸ್ಸಿಗೆ ಹಚ್ಚಿಕೊಳ್ಳುತ್ತಾರೆ.

ಹಾಗೆಂದು ಮಿಶ್ರ ಹೋಟೆಲುಗಳನ್ನೆಲ್ಲ ಕೀಳಾಗಿ ಕಾಣುವುದು ತರವಲ್ಲ. ಕನ್ನಡಿಗರಲ್ಲೇ ಮಾಂಸಾಹಾರಿಗಳು ಹೆಚ್ಚು. ಒಂದೇ ಮನೆಯಲ್ಲಿ ಎರಡೂ ಬಗೆಯವರು ಇರುವುದುಂಟು. ಅಡುಗೆಮನೆ ಬೇರೆ ಇಟ್ಟು, ಕೇಳಿದವರಿಗೆ ನಿಜ ಹೇಳುವ ಮಿಶ್ರ ಹೋಟೆಲು, ಪ್ರಶ್ನೆ ಕೇಳಿದರೆ ಸಿಡುಕುವ 'ಪ್ಯೂರ್ ವೆಜ್' ಹೋಟೆಲಿಗಿಂತ ವಾಸಿ. ಬಾಗಾರ ಬೈಂಗನ್, ಮಿರ್ಚಿ ಕಾ ಸಾಲನ್‌ನಂತಹ ರುಚಿಯಾದ ಸಸ್ಯಾಹಾರಿ ಮೇಲೋಗರಗಳು ಹೈದರಾಬಾದಿನ ಮಾಂಸಾಹಾರಿ ಮನೆಗಳಿಂದಲೇ ಬಂದವು ಎಂಬುದನ್ನೂ ಮರೆಯಬಾರದು.

ಕಾಫಿಯೋ, ಚಾಯೋ?

ಕಾಫಿಯ ವಿಷಯದಲ್ಲಿ ಮೈಸೂರು, ಮಲೆನಾಡಿನವರು ರಾಜಿಯಾಗುವುದಿಲ್ಲ. ಫಿಲ್ಟರ್ ಕಾಫಿ ಎಂದು ಬರೆದು ಇನ್‌ಸ್ಟಂಟ್ ಪುಡಿ ಕದಡಿ ಕೊಡುವ ಹೋಟೆಲಿಗೆ ಅವರು ಎರಡನೇ ಸಲ ಹೋಗುವುದಿಲ್ಲ. ಡಿಕಾಕ್ಷನ್ ಬೆಳಗ್ಗೆ ಇಳಿಸಿದ್ದೋ, ನಿನ್ನೆಯದೋ ಎಂಬುದನ್ನು ವಾಸನೆಯಿಂದಲೇ ಹೇಳುತ್ತಾರೆ. ಕಲಬುರಗಿಯವರಿಗೆ ಮಾತ್ರ ಇರಾನಿ ಚಾಯ್ ಹೊಸದಲ್ಲ. ಇರಾನಿ ಕೆಫೆಯಲ್ಲಿ ಮಾಂಸದ ಊಟವೂ ಇದ್ದೀತು. ಆದರೆ ಚಹಾಕ್ಕೆ ಯಾವ ಮಡಿಯೂ ಅಡ್ಡಬರುವುದಿಲ್ಲ ಎನ್ನುವ ಸಸ್ಯಾಹಾರಿಗಳೇ ಹೆಚ್ಚು. ಬಿಸ್ಕತ್ತಿನಲ್ಲಿ ಮೊಟ್ಟೆ ಇದೆಯೇ ಎಂದು ಒಮ್ಮೆ ಕೇಳಿದರೆ ಆಯಿತು.

ಬಿಲ್ಲನ್ನೂ ಓದಬೇಕು

ರುಚಿ ನೋಡುವವರು ಬಿಲ್ಲು ನೋಡುವುದಿಲ್ಲ ಎಂಬುದು ಸಾಮಾನ್ಯ ದೂರು. ಸಾಮಾನ್ಯ ಹೋಟೆಲಿನ ತಿಂಡಿಗೆ ಜಿ.ಎಸ್.ಟಿ. ಶೇ. 5 ಎಂಬುದು 2017ರ ನವೆಂಬರ್ 15ರಿಂದ ಜಾರಿಯಲ್ಲಿದೆ. ಕಾಂಪೊಸಿಷನ್ ಯೋಜನೆಯಲ್ಲಿರುವ ಸಣ್ಣ ಹೋಟೆಲು ಗ್ರಾಹಕರಿಂದ ಪ್ರತ್ಯೇಕವಾಗಿ ತೆರಿಗೆ ವಸೂಲು ಮಾಡುವಂತಿಲ್ಲ. ಸರ್ವಿಸ್ ಚಾರ್ಜನ್ನು ತಾನಾಗಿಯೇ ಬಿಲ್ಲಿಗೆ ಸೇರಿಸಬಾರದೆಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈಯಲ್ಲಿ ಮಾರ್ಗಸೂಚಿ ಹೊರಡಿಸಿದೆ. ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ಪರವಾನಗಿ ಅಥವಾ ನೋಂದಣಿ ಸಂಖ್ಯೆ ಬಿಲ್ಲಿನ ಮೇಲೆ ಇರಬೇಕು. ಬಿಸಿ ಸಾಂಬಾರನ್ನು ತೆಳು ಪ್ಲಾಸ್ಟಿಕ್ ಚೀಲಕ್ಕೆ ಸುರಿಸಿಕೊಳ್ಳುವ ಬದಲು ಮನೆಯಿಂದ ಸ್ಟೀಲ್ ಡಬ್ಬಿ ಒಯ್ದರೆ ಆರೋಗ್ಯಕ್ಕೂ ಒಳ್ಳೆಯದು, ಸಾರೂ ಸ್ವಲ್ಪ ಹೆಚ್ಚು ಬೀಳುತ್ತದೆ!

ಅಭಿಪ್ರಾಯ ಗಲ್ಲಾದ ಮುಂದೆ ಬರಲಿ

ನಮ್ಮವರಲ್ಲಿ ಒಂದು ಅಭ್ಯಾಸವಿದೆ. ಚಟ್ನಿ ಹಳಸಿದ್ದರೆ ಹೋಟೆಲಿನಲ್ಲಿ ಮಾತಾಡುವುದಿಲ್ಲ. ದುಡ್ಡು ಕೊಟ್ಟು ಎದ್ದು ಬಂದು, ಸಂಘದ ಸಭೆಯಲ್ಲಿ ಇಪ್ಪತ್ತು ಜನರಿಗೆ ಹೇಳುತ್ತೇವೆ. ಮರುವಾರದಿಂದ ಆ ಇಪ್ಪತ್ತು ಜನ ಅತ್ತ ಹೋಗುವುದಿಲ್ಲ. ಏನು ತಪ್ಪಾಯಿತೆಂದು ಮಾಲೀಕನಿಗೆ ತಿಳಿಯುವುದೇ ಇಲ್ಲ. ಹೊಗಳಿಕೆಯ ಗತಿಯೂ ಇದೇ. ಸಾಂಬಾರು ಚೆನ್ನಾಗಿತ್ತು ಎಂಬ ಮಾತು ಒಲೆಯ ಮುಂದೆ ಬೆವರುವ ಭಟ್ಟರ ಕಿವಿಗೆ ಬೀಳುವುದು ಅಪರೂಪ.

ನೂರಕ್ಕೆ ಒಬ್ಬ ಸಸ್ಯಾಹಾರಿ ಇರುವ ರಾಜ್ಯದಲ್ಲಿ ಸಣ್ಣ ಸಸ್ಯಾಹಾರಿ ಹೋಟೆಲು ನಡೆಸುವುದು ಸುಲಭದ ಮಾತಲ್ಲ. ಬಾಡಿಗೆ, ಗ್ಯಾಸು, ಎಣ್ಣೆ, ಕಾಯಿ ಎಲ್ಲದರ ಬೆಲೆ ಏರುತ್ತದೆ, ಮೊಬೈಲಿನಲ್ಲಿ ಆರ್ಡರ್ ತರುವ ಕಂಪನಿಗೆ ಕಮಿಷನ್ ಕೊಡಬೇಕು, ಮಕ್ಕಳು ಈ ವೃತ್ತಿ ಬೇಡವೆನ್ನುತ್ತಾರೆ. ಅಂಥ ಹೋಟೆಲು ಒಂದು ಮುಚ್ಚಿದರೆ ಮಾಂಸಾಹಾರಿಗೆ ಹತ್ತು ದಾರಿ ಇರುತ್ತವೆ. ಆಸ್ಪತ್ರೆಯಲ್ಲಿ ಮಗನ ಪಕ್ಕ ಕೂತ, ನೇಮದ ತಾಯಿಗೆ ಮಾತ್ರ ಅಂದು ಬಾಳೆಹಣ್ಣೇ ಗತಿ.

ಆದ್ದರಿಂದ ಸಸ್ಯಾಹಾರಿ ಗ್ರಾಹಕ ಮಾಡಬೇಕಾದದ್ದು ಇಷ್ಟೇ. ಕೂರುವ ಮೊದಲು ಸಂಕೋಚವಿಲ್ಲದೆ ಕೇಳಬೇಕು. ಎಣ್ಣೆ ಯಾವುದು, ಮೊಟ್ಟೆಯ ಕಾವಲಿ ಬೇರೆಯೇ, ಬೆಳ್ಳುಳ್ಳಿ ಹಾಕಿದ್ದಾರೆಯೇ ಎಂದು ತಿಳಿದುಕೊಳ್ಳಬೇಕು. ಚೆನ್ನಾಗಿಲ್ಲದ್ದನ್ನು ಮೆಲ್ಲಗೆ, ಚೆನ್ನಾಗಿದ್ದದ್ದನ್ನು ಗಟ್ಟಿಯಾಗಿ ಗಲ್ಲಾದ ಮುಂದೆಯೇ ಹೇಳಬೇಕು. ಹಾಗೆ ಕೇಳಿದಾಗ ಮುಖ ಸಿಂಡರಿಸದೆ ಉತ್ತರ ಕೊಡುವ ಹೋಟೆಲು ಸನತ್‌ನಗರದ ಯಾವ ಗಲ್ಲಿಯಲ್ಲಿದ್ದರೂ, ಬೋರ್ಡಿನ ಮೇಲೆ ಉಡುಪಿ ಎಂದು ಇಲ್ಲದಿದ್ದರೂ, ಸಂಘದ ಸದಸ್ಯರು ನೆಂಟರಿಗೆ ಅದರ ದಾರಿ ತೋರಿಸಬಹುದು.