ಓದು ಬಾರದವರ ಅಕ್ಷರ

ಮನೆಯ ಹಿರಿಯರು ಹುಡುಗನ ಕೈಗೆ ಚಿಲ್ಲರೆ ಕೊಟ್ಟು, "ಗಿಣಿ ಮಾರ್ಕಿನದೇ ಕೇಳಪ್ಪ, ಬೇರೆ ಕೊಟ್ಟರೆ ತರಬೇಡ" ಎಂದು ಅಂಗಡಿಗೆ ಕಳುಹಿಸುವುದನ್ನು ನೀವು ಕೇಳಿಯೇ ಇರುತ್ತೀರಿ. ಗಿಣಿಯ ಬದಲು ಗಡಿಯಾರವಿರಬಹುದು, ಬೀಗದಕೈಯಿರಬಹುದು. ಸಾಮಾನು ತಯಾರಿಸಿದ ಕಂಪನಿಯ ಹೆಸರು ಅವರಿಗೆ ತಿಳಿಯದು. ತಿಳಿಯಬೇಕಾದ ಅಗತ್ಯವೂ ಇಲ್ಲ. ಪೊಟ್ಟಣ, ಸೀಸೆ, ಡಬ್ಬಿಗಳ ಚೀಟಿಗೆ ಚಿತ್ರ ಬರೆಯುವುದು ನನ್ನ ಕಸುಬು. ನನ್ನಲ್ಲಿಗೆ ಬರುವ ಮಾಲೀಕರೆಲ್ಲರದೂ ಒಂದೇ ಮಾತು: "ಹೆಸರು ಇನ್ನೂ ಸ್ವಲ್ಪ ದೊಡ್ಡದಾಗಲಿ, ಸ್ವಾಮಿ." ಕೊಳ್ಳುವವರಾದರೋ ಹೆಸರನ್ನು ಓದುವುದೇ ಕಡಿಮೆ. ಬಣ್ಣ, ಆಕಾರ, ಚಿತ್ರ, ಇವನ್ನು ಕಂಡು ಕೈ ಚಾಚುತ್ತಾರೆ. ಬಿ.ಎ. ಓದಿದವರೂ ಇದಕ್ಕೆ ಹೊರತಲ್ಲ.

ವ್ಯಾಪಾರಿಗಳಿಗೆ ಇದು ಬಹಳ ಹಿಂದೆಯೇ ತಿಳಿದಿತ್ತು. 19ನೆಯ ಶತಮಾನದ ಕೊನೆಯ ದಶಕಗಳಲ್ಲಿ ಮ್ಯಾಂಚೆಸ್ಟರಿನಿಂದ ನಮ್ಮ ದೇಶಕ್ಕೆ ಬರುತ್ತಿದ್ದ ಬಟ್ಟೆಯ ಥಾನುಗಳ ಮೇಲೆ ಬಣ್ಣಬಣ್ಣದ ಚೀಟಿಗಳನ್ನು ಅಂಟಿಸುತ್ತಿದ್ದರು. ಅವುಗಳಲ್ಲಿ ನಮ್ಮ ದೇವ ದೇವತೆಗಳು, ಆನೆ, ಹುಲಿ, ರಾಜ ರಾಣಿಯರು! ಇಂಗ್ಲಿಷ್ ಬಾರದ ಗಿರಾಕಿ ಚಿತ್ರವನ್ನು ನೋಡಿ ಮತ್ತೆ ಅದೇ ಬಟ್ಟೆಯನ್ನು ಕೇಳಲಿ ಎಂಬುದೇ ಉದ್ದೇಶ. ಇಂಗ್ಲೆಂಡಿನಲ್ಲಿ 1876ರಲ್ಲಿ ವ್ಯಾಪಾರ ಮುದ್ರೆಗಳ ದಾಖಲೆ ಪುಸ್ತಕ ತೆರೆದಾಗ ಮೊದಲನೆಯ ಸಂಖ್ಯೆ ಪಡೆದದ್ದು ಬಾಸ್ ಎಂಬ ಬಿಯರ್ ಕಂಪನಿಯ ಕೆಂಪು ತ್ರಿಕೋನ. ನಮ್ಮ ಮೈಸೂರು ಸ್ಯಾಂಡಲ್ ಸಾಬೂನಿನ ಗುರುತನ್ನೇ ನೋಡಿ. ಸಿಂಹದ ಮೈ, ಆನೆಯ ತಲೆ. ಅದಕ್ಕೆ ಶರಭವೆಂಬ ಹೆಸರಿದೆಯೆಂದು ಬಲ್ಲವರೆಷ್ಟು ಮಂದಿಯೋ ಕಾಣೆ. ಕಂಡೊಡನೆ ಗುರುತು ಹಿಡಿಯದವರು ಮಾತ್ರ ವಿರಳ.

ಇದೇ ಉಪಾಯ ರಾಜ್ಯಭಾರದ ಕೆಲಸಕ್ಕೂ ಬಂದಿತು. 1951ರ ಜನಗಣತಿಯಂತೆ ನಮ್ಮಲ್ಲಿ ಓದು ಬರಹ ಬಲ್ಲವರು ನೂರಕ್ಕೆ 18 ಮಂದಿ. ಆ ವರ್ಷದ ಕೊನೆಯಲ್ಲಿ ಆರಂಭವಾಗಿ 1952ರಲ್ಲಿ ಮುಗಿದ ಮೊದಲ ಮಹಾ ಚುನಾವಣೆಯಲ್ಲಿ ಒಬ್ಬೊಬ್ಬ ಉಮೇದುವಾರನಿಗೂ ಒಂದೊಂದು ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಅವನ ಗುರುತು. ನೊಗ ಹೊತ್ತ ಜೋಡೆತ್ತು, ಗುಡಿಸಲು, ದೀಪ, ಇಂಥವೇ. ಹಳ್ಳಿಯ ಮುದುಕಿಗೂ ವಿವರಿಸಿ ಹೇಳಬೇಕಾಗಿಲ್ಲದ ವಸ್ತುಗಳು. ನನ್ನ ಕಸುಬಿನವರು ಇದನ್ನು ಪಾಠವೆಂದು ಓದಬೇಕು.

ಆದರೆ ಚಿತ್ರದಷ್ಟು ಬಣ್ಣವನ್ನು ನಂಬಲಾಗದು. ತಿಂಡಿಯ ಪೊಟ್ಟಣಗಳ ಮೇಲಿನ ಸಣ್ಣ ಚೌಕವನ್ನು ನೀವು ನೋಡಿರುತ್ತೀರಿ. ಹಸಿರು ಚುಕ್ಕೆಯಿದ್ದರೆ ಸಸ್ಯಾಹಾರ. ಮಾಂಸಾಹಾರಕ್ಕೂ ಮೊದಲು ಅಂಥದೇ ಚುಕ್ಕೆಯಿತ್ತು, ಬಣ್ಣ ಮಾತ್ರ ಕಂದು. ಹಸಿರಿಗೂ ಕಂದಿಗೂ ಭೇದ ಕಾಣದ ಬಣ್ಣಗುರುಡು ಗಂಡಸರಲ್ಲಿ ನೂರಕ್ಕೆ ಕೆಲವರಿಗಾದರೂ ಉಂಟು. ಅವರ ಪಾಲಿಗೆ ಎರಡು ಪೊಟ್ಟಣವೂ ಒಂದೇ! 2020ರ ನಿಯಮಗಳಲ್ಲಿ ಮಾಂಸಾಹಾರದ ಚುಕ್ಕೆಯನ್ನು ತೆಗೆದು ತ್ರಿಕೋನವನ್ನಿಟ್ಟರು. ಸಣ್ಣ ತಿದ್ದುಪಡಿಯೆನ್ನಬಹುದು, ಈ ಇಷ್ಟು ವರ್ಷಗಳಲ್ಲಿ ನಾನು ಕಂಡ ಒಳ್ಳೆಯ ಚಿತ್ರಗಾರಿಕೆಗಳಲ್ಲಿ ಅದೂ ಒಂದು. ಕಣ್ಣು ಬಣ್ಣದಲ್ಲಿ ಸೋತರೆ ಆಕಾರ ಕೈ ಹಿಡಿಯುತ್ತದೆ.

ಇನ್ನು ಹೊಲಕ್ಕೆ ಹೊಡೆಯುವ ಔಷಧದ ಡಬ್ಬಿ. ಇದರ ವಿಷಯದಲ್ಲಿ ನನಗೆ ಸಮಾಧಾನವಿಲ್ಲ. 1971ರ ಕೀಟನಾಶಕ ನಿಯಮಗಳಂತೆ ಅದರ ಮೇಲೆ ಮೂಲೆಯ ಮೇಲೆ ನಿಲ್ಲಿಸಿದ ಒಂದು ಚೌಕವಿರುತ್ತದೆ, ಇಸ್ಪೀಟಿನ ಡೈಮನ್ ಎಲೆಯಲ್ಲಿರುವಂತೆ. ಕೆಳಗಿನ ಅರ್ಧದಲ್ಲಿ ಬಣ್ಣ. ಅತ್ಯಂತ ವಿಷಕ್ಕೆ ಕೆಂಪು, ಅದಕ್ಕಿಂತ ಕಡಿಮೆಗೆ ಹಳದಿ, ಮತ್ತೂ ಕಡಿಮೆಗೆ ನೀಲಿ, ಕಡೆಯದಕ್ಕೆ ಹಸಿರು. ಮೇಲಿನ ಅರ್ಧದಲ್ಲಿ ವಿಷ, ಅಪಾಯ, ಎಚ್ಚರಿಕೆ ಮುಂತಾದ ಮಾತು. ತಲೆಬುರುಡೆ ಮತ್ತು ಎರಡು ಮೂಳೆಗಳ ಚಿತ್ರವಾದರೋ ಕೆಂಪಿನ ಮೇಲೆ ಮಾತ್ರ. ಉಳಿದ ಮೂರಕ್ಕೂ ಬಣ್ಣ ಮತ್ತು ಅಕ್ಷರವೇ ಗತಿ. ಓದು ಬಾರದ ಕೂಲಿಯವನಿಗೆ ಬರಿಯ ಬಣ್ಣವೇ ಗತಿಯೆಂದಾಯಿತು. ಆ ಬಣ್ಣ ಅವನಿಗೆ ಏನನ್ನು ಹೇಳೀತು? ಹಳದಿಯೆಂದರೆ ನಮ್ಮವರಿಗೆ ಅರಿಶಿನ, ಮಂಗಳದ್ರವ್ಯ. ಹಸಿರೆಂದರೆ ಬಳೆ, ಪೈರು, ತೋರಣ. ಹೆಚ್ಚಿನ ವಿಷವೆಂದು ಸಾರುವ ಹಳದಿ, ಹೊಸ ಬಟ್ಟೆಯ ಅಂಚಿಗೆ ಹಚ್ಚುವ ಹಳದಿಯೂ ಹೌದು. ಕಡಿಮೆ ವಿಷವೆಂದರೆ ವಿಷವಲ್ಲವೆಂದೇನೂ ಅರ್ಥವಲ್ಲ. ಹಸಿರು ಬಣ್ಣ ಮಾತ್ರ ಹಾಗೆಂದೇ ಹೇಳುವಂತೆ ತೋರುತ್ತದೆ. ನಾಲ್ಕಕ್ಕೂ ಒಂದೊಂದು ಬೇರೆ ಚಿತ್ರವಿರಬೇಕೆಂಬುದು ನನ್ನ ಅಭಿಪ್ರಾಯ. ಮಾಂಸಾಹಾರದ ಚುಕ್ಕೆಗೆ ದೊರೆತ ವಿವೇಕ ಈ ಡಬ್ಬಿಗೂ ದೊರೆಯಬಾರದೇಕೆ?

ಪಟ್ಟಣದವರಾದ ನಿಮಗೆ ಹೊಲದ ಚಿಂತೆ ಯಾಕೆಂದೀರಿ. ನಿಮ್ಮ ಬಚ್ಚಲ ಮನೆಯ ಮಾಡದಲ್ಲಿ ಫಿನಾಯಿಲಿದೆ, ತಿಗಣೆ ಜಿರಲೆಗಳ ಔಷಧವಿದೆ. ನಮ್ಮ ನೆರೆಮನೆಯಲ್ಲಿ ಒಮ್ಮೆ ಬಿಡಿಯಾಗಿ ತಂದ ಫಿನಾಯಿಲನ್ನು ಖಾಲಿಯಾದ ಶರಬತ್ತಿನ ಸೀಸೆಗೆ ಸುರಿದು ಮೂಲೆಯಲ್ಲಿಟ್ಟಿದ್ದರು. ಮೂರು ವರ್ಷದ ಮಗು ಅದನ್ನು ತಬ್ಬಿ ಹಿಡಿದುಕೊಂಡು ಬಂದು ಬಿರಡೆಯನ್ನು ಹಲ್ಲಿನಿಂದ ಕಚ್ಚುತ್ತಿತ್ತು. ಹೂ ಕಟ್ಟುತ್ತ ಕುಳಿತಿದ್ದ ಅಜ್ಜಿ ಕಂಡು ಕಿತ್ತುಕೊಂಡರು. ಮಗು ಅಳುತ್ತ ಚೀಟಿಯ ಮೇಲಿನ ಕಿತ್ತಳೆಯನ್ನು ಬೆರಳಿಟ್ಟು ತೋರಿಸಿತು. ಅದರ ನ್ಯಾಯ ಸರಿಯಾಗಿಯೇ ಇತ್ತು. ಅಕ್ಷರ ಕಲಿಯುವುದಕ್ಕೆ ಮೊದಲೇ ಅದು ಚೀಟಿ ಓದುವುದನ್ನು ಕಲಿತಿತ್ತು.

ಆ ಕಿತ್ತಳೆಯನ್ನು ಬರೆದವನು ನಾನು. ನೋಡಿದವರ ಬಾಯಲ್ಲಿ ನೀರೂರಲೆಂದು ಸಿಪ್ಪೆಯ ಮೇಲೆ ಎರಡು ಹನಿಯನ್ನೂ ಮೂಡಿಸಿದ್ದೆ. ಮಾಲೀಕರು ಬಹಳ ಮೆಚ್ಚಿಕೊಂಡಿದ್ದರು.

ತಿನ್ನುವ ಕುಡಿಯುವ ಪದಾರ್ಥದ ಸೀಸೆಗೆ ಬೇರೇನನ್ನೂ ತುಂಬಬೇಡಿ. ಫಿನಾಯಿಲು ತಾನು ಬಂದ ಡಬ್ಬಿಯಲ್ಲೇ, ಮಗುವಿನ ಕೈಗೆ ಎಟುಕದ ಎತ್ತರದಲ್ಲಿರಲಿ. ಖಾಲಿ ಸೀಸೆಯನ್ನು ಎಣ್ಣೆಗೋ ತುಪ್ಪಕ್ಕೋ ಇಟ್ಟುಕೊಳ್ಳುವುದಾದರೂ ಮೊದಲು ಚೀಟಿಯನ್ನು ಕೀಳಿ. ನಮ್ಮ ಮನೆಯಲ್ಲಿ ರಾತ್ರಿ ಬಕೆಟ್ಟಿನ ನೀರಿನಲ್ಲಿ ನೆನೆಹಾಕಿ ಬೆಳಿಗ್ಗೆ ಕೆರೆದು ತೆಗೆಯುತ್ತೇನೆ. ಕಾಗದದ ಚೂರುಗಳು ಬಚ್ಚಲ ತೂಬಿಗೆ ಸಿಕ್ಕಿಕೊಳ್ಳುತ್ತವೆಂದು ಮನೆಯವರ ಆಕ್ಷೇಪಣೆ ಇದ್ದೇ ಇದೆ.