ದುಂಡು ಬಲ್ಲ ಯಂತ್ರಕ್ಕೆ ಚೌಕದ ಪಾಠ

ಭಾನುವಾರ ಬೆಳಗ್ಗೆ ಏಳೂವರೆಗೆಲ್ಲ ಮೇಷ್ಟ್ರ ಕಾರ್ ಶೆಡ್ಡಿನ ಷಟರು ಅರ್ಧ ಎದ್ದಿರುತ್ತದೆ. ಕಾರು ಮಾತ್ರ ಹೊರಗೆ ರಸ್ತೆಯಲ್ಲಿ ಬಿಸಿಲು ಕಾಯುತ್ತಿರುತ್ತದೆ. ಬಗ್ಗಿ ಒಳಗೆ ನುಗ್ಗಿದರೆ ಮೊದಲು ಮೂಗಿಗೆ ಬಡಿಯುವುದು ಕಟಿಂಗ್ ಆಯಿಲಿನ ವಾಸನೆ, ಹಿಂದೆಯೇ ಮನೆಯೊಳಗಿನಿಂದ ಡಿಕಾಕ್ಷನ್ನಿನ ಘಮ. ಕಾಲಡಿಯಲ್ಲಿ ಹಿತ್ತಾಳೆ ಪುಡಿ ಮಿನುಗುತ್ತದೆ. ಮೂಲೆಯ ಹಳೇ ಬಕೆಟ್ಟಿನಲ್ಲಿ ಕಬ್ಬಿಣದ ಸಿಪ್ಪೆ ಸುರುಳಿ ಸುರುಳಿಯಾಗಿ ನೀಲಿಗಟ್ಟಿ ಬಿದ್ದಿದೆ, ಯಾರೋ ಹೊತ್ತಿಸಿಬಿಟ್ಟ ಕೋಡುಬಳೆಯ ಹಾಗೆ. ಗೋಡೆಗೆ ಒತ್ತಿದ ಮರದ ಬೆಂಚಿನ ಮೇಲೆ, ಮುಕ್ಕಾಲು ಮೀಟರಿಗೆ ಸ್ವಲ್ಪ ಹೆಚ್ಚು ಉದ್ದದ, 40 ಕೆ.ಜಿ. ತೂಕದ ಒಂದು ಸಣ್ಣ ಲೇತು.

ಲೇತು ನನ್ನದು, ಶೆಡ್ಡು ಮೇಷ್ಟ್ರದು. ಬುದ್ಧಿಯೂ ಅವರದೇ. ಐಟಿಐನಲ್ಲಿ ಟರ್ನರ್ ಹುಡುಗರಿಗೆ ಪಾಠ ಹೇಳಿ ನಿವೃತ್ತರಾದವರು. ಮನೆಯಲ್ಲಿ ಮೂರು ಹೊತ್ತೂ ಪಂಚೆಯಲ್ಲಿರುವ ಮನುಷ್ಯ ಷಟರ್ ಎತ್ತುವ ಮುಂಚೆ ಪ್ಯಾಂಟು ಹಾಕಿಕೊಳ್ಳುತ್ತಾರೆ, ಬೆರಳಿನ ಉಂಗುರ ಬಿಚ್ಚಿ ಜೇಬಿಗೆ ಇಳಿಸುತ್ತಾರೆ. ಕೈಗೆ ಗ್ಲೌಸು ಕೂಡ ಹಾಕಗೊಡುವುದಿಲ್ಲ, ಕೆಲಸದ ತುಂಡನ್ನು ಕಚ್ಚಿ ಹಿಡಿದು ತಿರುಗುವ ಚಕ್ಕಿನ ಭಯ. "ಚಕ್ಕಿಗೆ ಕಣ್ಣಿಲ್ಲ ಕಣಪ್ಪ. ಸಿಕ್ಕಿದ್ದನ್ನ ಸುತ್ಕೊಳ್ಳುತ್ತೆ. ನಿಲ್ಸು ಅಂತ ಕೂಗಿದ್ರೆ ಅದಕ್ಕೆ ಕೇಳ್ಸಲ್ಲ."

ಈ ಎಲ್ಲ ಸಂಸಾರ ಶುರುವಾದದ್ದು ಒಂದು ಕಾಫಿ ಮಿಷನ್ನಿನಿಂದ. ಅಜ್ಜಿ ಕಾಲದ್ದು, ಮೇಜಿನ ಅಂಚಿಗೆ ಬಿಗಿದು ಕೈಯಲ್ಲಿ ತಿರುಗಿಸುವ ಎರಕದ ಕಬ್ಬಿಣದ ಮಿಷನ್ನು. ಅದರ ಹಿಡಿ ಕೂರುವ ಶಾಫ್ಟಿನ ತುದಿ ಚೌಕವಾಗಿತ್ತು. ಐವತ್ತು ವರ್ಷ ತಿರುಗಿ ತಿರುಗಿ ಮೂಲೆ ಸವೆದು ದುಂಡಗಾಗಿ, ಹಿಡಿ ಸುಮ್ಮನೆ ಗಿರಗಿರನೆ ಸುತ್ತುತ್ತಿತ್ತು. ಬೀಜ ಅಲ್ಲೇ, ಪುಡಿ ಇಲ್ಲ. ಹೊಸ ಶಾಫ್ಟು ಮಾಡಿಸೋಣವೆಂದು ಕಾಮಾಕ್ಷಿಪಾಳ್ಯದ ಕಡೆಯ ಒಂದು ಟರ್ನಿಂಗ್ ಅಂಗಡಿಗೆ ಒಯ್ದೆ. ಮಾಲೀಕ ಶಾಫ್ಟನ್ನು ಬೆರಳಲ್ಲಿ ಒಮ್ಮೆ ಉರುಳಿಸಿ ವಾಪಸ್ಸು ಕೊಟ್ಟ. "ಒಂದ್ ಪೀಸ್ ಮಾಡಲ್ಲ ಸಾರ್. ನೂರು ಇದ್ರೆ ತನ್ನಿ." ನೂರು ಕಾಫಿ ಮಿಷನ್ನನ್ನು ಎಲ್ಲಿಂದ ತರಲಿ? ಅವನ ಮೇಲೆ ಸಿಟ್ಟಿಲ್ಲ. ಒಂದು ಪೀಸಿಗೆ ಮಿಷನ್ ಸೆಟ್ ಮಾಡುವಷ್ಟರಲ್ಲಿ ಅವನ ಅರ್ಧ ದಿನ ಹೋಗುತ್ತದೆ. ಆದರೆ ಅವತ್ತು ಬಸ್ಸಿನಲ್ಲಿ ಕೂತು ಬರುವಾಗಲೇ ಹುಳ ತಲೆಗೆ ಹೊಕ್ಕಿತ್ತು.

ಲೇತು ಎಂದರೆ ಬೆಂಗಳೂರಿನವರಿಗೆ ಹೊಸದೇನಲ್ಲ. 1953ರಲ್ಲಿ ಜಾಲಹಳ್ಳಿಯಲ್ಲಿ ಎಚ್‌ಎಂಟಿ ಹುಟ್ಟಿದ್ದೇ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ಸಹಯೋಗದಲ್ಲಿ ಇಂಥ ಯಂತ್ರ ಕಟ್ಟುವುದಕ್ಕೆ. ಗಡಿಯಾರ ಬಂದದ್ದು ಆಮೇಲೆ. ಅದಕ್ಕೂ ಮೊದಲೇ, 1941ರಲ್ಲಿ, ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಶುರುವಾಗಿತ್ತು. ಈ ಎರಡು ಹೆಸರು ಕೇಳಿದರೆ ಮೇಷ್ಟ್ರ ದನಿ ಈಗಲೂ ಒಂದು ಮಟ್ಟ ಇಳಿಯುತ್ತದೆ, ದೇವರ ಮನೆ ಹತ್ತಿರ ಮಾತಾಡುವವರ ಹಾಗೆ. ನಾನೂ ಮೊದಲು ಅಂಥದ್ದೇ ಒಂದು ಹಳೇ ಮಿಷನ್ ಗುಜರಿಯಲ್ಲಿ ಸಿಕ್ಕೀತೇ ಎಂದು ಹುಡುಕಿದೆ. ಸಿಕ್ಕಿತು ಕೂಡ. ಹಸಿರು ಬಣ್ಣ ಫಳಫಳ ಹೊಳೆಯುತ್ತಿತ್ತು.

ಮೇಷ್ಟ್ರು ಬಣ್ಣದ ಕಡೆ ನೋಡಲೇ ಇಲ್ಲ. ಸೀದಾ ಹೋಗಿ ಬೆಡ್ಡಿನ ಮೇಲೆ ಬೆರಳಾಡಿಸಿದರು. ಲೇತಿನ ಬೆಡ್ಡು ಎಲ್ಲ ಕಡೆ ಒಂದೇ ಸಮ ಸವೆಯುವುದಿಲ್ಲ. ಕೆಲಸವೆಲ್ಲ ಚಕ್ಕಿನ ಹತ್ತಿರ ನಡೆಯುವುದರಿಂದ ಅಲ್ಲೇ ಗುಳಿ ಬೀಳುತ್ತದೆ. ಆ ತುದಿ ಹೊಸದಾಗಿಯೇ ಉಳಿದಿರುತ್ತದೆ. ಟೂಲು ಹೊತ್ತು ಬೆಡ್ಡಿನ ಮೇಲೆ ಜಾರುವ ಕ್ಯಾರೇಜನ್ನು ಈ ಕಡೆ ಬಿಗಿಯಾಗಿ ಹೊಂದಿಸಿ ಆ ಕಡೆ ತಳ್ಳಿದರೆ ಜಾಮ್ ಆಯಿತು. "ನೋಡು, ಈ ಕಡೆ ಸವೆದಿದೆ. ಬಣ್ಣ ಯಾವಾಗ್ಲೂ ಸುಳ್ಳು ಹೇಳುತ್ತೆ, ಬೆಡ್ಡು ಹೇಳಲ್ಲ." ಸವೆತ ಹೋಗಲಿ, ಅದು ಮೂರು ಫೇಸಿನ ಮೋಟಾರು, ನೂರಾರು ಕೆ.ಜಿ. ತೂಕ. ಶೆಡ್ಡಿಗೆ ಇಳಿಸುವುದಕ್ಕೇ ಕ್ರೇನು ಬೇಕಿತ್ತು.

ಇನ್ನೊಂದು ಕನಸು ಇಂಗ್ಲೆಂಡಿನ ಮೈಫೋರ್ಡ್. ನಾಟಿಂಗ್‌ಹ್ಯಾಮ್ ಹತ್ತಿರದ ಬೀಸ್ಟನ್‌ನಲ್ಲಿ 1946ರಿಂದ ತಯಾರಾದ ಎಂಎಲ್7 ಎಂಬ ಲೇತು, ಪುಟಾಣಿ ಉಗಿಬಂಡಿ ಕಟ್ಟುವ ಹವ್ಯಾಸಿಗಳ ಪಾಲಿನ ಅಂಬಾರಿ ಆನೆ. ಆ ಕಾರ್ಖಾನೆ 2011ರಲ್ಲಿ ಬಾಗಿಲು ಮುಚ್ಚಿತು. ಇಲ್ಲಿ ಕುಳಿತು ಅದಕ್ಕೆ ಆಸೆಪಡುವುದು ಶುದ್ಧ ಹುಚ್ಚು. ಆದರೂ ಅದರಲ್ಲಿದ್ದ ಒಂದು ಜಾಣತನವನ್ನು ಮಾತ್ರ ಮೇಷ್ಟ್ರು ತೋರಿಸಿಕೊಟ್ಟರು: ಕ್ಯಾರೇಜಿನ ಮೇಲೆ ಅಡ್ಡಡ್ಡ ಸರಿಯುವ ಅದರ ಕ್ರಾಸ್ ಸ್ಲೈಡಿನ ಮೈತುಂಬ ಟಿ-ಸ್ಲಾಟುಗಳು. ಬೋಲ್ಟು ತೂರಿಸಿ ಏನನ್ನು ಬೇಕಾದರೂ ಅದರ ಮೇಲೆ ಕೂರಿಸಬಹುದು. "ಇದನ್ನ ನೆನಪಿಟ್ಕೋ, ಆಮೇಲೆ ಬೇಕಾಗುತ್ತೆ" ಎಂದರು. ನನಗೆ ಆಗ ಅರ್ಥವಾಗಿರಲಿಲ್ಲ.

ಕೊನೆಗೆ ಉಳಿದದ್ದು ಚೀನಾದಿಂದ ಬರುವ ಮಿನಿ ಲೇತು. ಮನೆಯ 230 ವೋಲ್ಟಿನ ಪ್ಲಗ್ಗಿಗೇ ಓಡುತ್ತದೆ, ಇಬ್ಬರು ಎತ್ತಬಹುದು. ಕಾಗದದ ಮೇಲೆ 180 ಮಿ.ಮೀ. ಸ್ವಿಂಗ್ ಎಂದು ಬರೆದಿರುತ್ತದೆ, ಅಂದರೆ ತಿರುಗಿಸಬಹುದಾದ ತುಂಡಿನ ದಪ್ಪ. ಅದು ಬೆಡ್ಡಿನ ಮೇಲಿನ ಲೆಕ್ಕ. ಕ್ರಾಸ್ ಸ್ಲೈಡಿನ ಮೇಲೆ ಹಾಯುವಂತಿದ್ದರೆ ಅಷ್ಟು ದಪ್ಪದ ಜಾಬು ಹಿಡಿಯುವುದಿಲ್ಲ. ಹಿಡಿಯಬಹುದಾದ ಜಾಬಿನ ಉದ್ದದಲ್ಲಿ 250, 300, 350 ಎಂದು ಮೂರು ತರ. ನಾನು 250 ಸಾಕೆಂದಿದ್ದೆ, ಅಗ್ಗ. ಮೇಷ್ಟ್ರು ಬೀಡಾ ಅಂಗಡಿಯ ಲೆಕ್ಕದ ಹಾಗೆ ಬೆರಳು ಮಡಚಿದರು: ಚಕ್ಕು 70 ತಿಂತು, ಹಿಂದಿನ ಟೈಲ್‌ಸ್ಟಾಕಿನಲ್ಲಿ ಡ್ರಿಲ್ ಚಕ್ಕು, ಅದರ ಬಾಯಲ್ಲಿ ಡ್ರಿಲ್ಲು, ಎರಡೂ ಸೇರಿ 150 ತಿಂತು. 250ರಲ್ಲಿ ನಿನಗೆ ಉಳಿದದ್ದೆಷ್ಟು? ಮೂವತ್ತು. 350 ತಗೊಂಡರೆ ನೂರ ಮೂವತ್ತು. ನಾನು 350ರದ್ದೇ ತಂದೆ.

ಪೆಟ್ಟಿಗೆ ಬಿಚ್ಚಿದ ದಿನದ ಚಿತ್ರ ಕಣ್ಣಿಗೆ ಕಟ್ಟಿದ ಹಾಗಿದೆ. ಯಂತ್ರದ ಮೈಗೆಲ್ಲ ಕೆಂಪು ಅಂಟು ಗ್ರೀಸು, ಹಲಸಿನ ಮೇಣದ ಹಾಗೆ ಬಿಡದು. ಡೀಸೆಲ್ಲಿನಲ್ಲಿ ಬಟ್ಟೆ ಅದ್ದಿ ಒರೆಸಿ ಒರೆಸಿ ಕೈ ಬಿದ್ದುಹೋಯಿತು. ಆನ್ ಮಾಡೋಣ ಎಂದೆ. ಮೇಷ್ಟ್ರು ಕೇಳಲಿಲ್ಲ, ಇನ್ನೂ ಮುಹೂರ್ತ ಬಂದಿರಲಿಲ್ಲ. ಬೆಂಚಿಗೆ ಬೋಲ್ಟು ಬಿಗಿದ ಮೇಲೆ 25 ಮಿ.ಮೀ. ದಪ್ಪದ ಸರಳೊಂದನ್ನು ಚಕ್ಕಿಗೆ ಕಚ್ಚಿಸಿ, ನೂರು ಮಿಲಿಮೀಟರ್ ಹೊರಗೆ ಚಾಚಿ, ಟೂಲನ್ನು ಕದಲಿಸದೆ ಚಕ್ಕಿನ ಹತ್ತಿರ ಒಂದು ಪಟ್ಟಿ, ತುದಿಯಲ್ಲಿ ಒಂದು ಪಟ್ಟಿ ತೆಳ್ಳಗೆ ತೆಗೆದರು. ಮೈಕ್ರೋಮೀಟರಿನಲ್ಲಿ ಅಳೆದರೆ ತುದಿ 0.04 ಮಿ.ಮೀ. ದಪ್ಪ. ಒಂದು ಕೂದಲಿನಷ್ಟೂ ಇಲ್ಲ. ನನಗದು ಸಂತೋಷದ ಸಂಗತಿ, ಅವರಿಗೆ ಅವಮಾನ. ಬೆಂಚು ಓರೆ, ಅದಕ್ಕೆ ಬಿಗಿದ ಲೇತಿನ ಮೈಯೂ ತಿರುಚಿಕೊಂಡಿದೆ ಎಂದರು. ಟೈಲ್‌ಸ್ಟಾಕಿನ ಕಡೆಯ ಒಂದು ಪಾದದ ಕೆಳಗೆ ಕೂಲ್ ಡ್ರಿಂಕ್ ಡಬ್ಬಿಯ ತಗಡು ಕತ್ತರಿಸಿ ತುರುಕಿ, ಬಿಗಿದು, ಮತ್ತೆ ತೆಗೆದು, ಮತ್ತೆ ಅಳೆದು ಸಂಜೆಯಾಯಿತು. 0.01ಕ್ಕೆ ಬಂದ ಮೇಲೆ ಕಾಫಿ ಕುಡಿದರು.

ಕನ್ನಡದಲ್ಲಿ ಮಜ್ಜಿಗೆಯನ್ನೂ ಕಡೆಯುತ್ತೇವೆ, ಬುಗುರಿಯನ್ನೂ ಕಡೆಯುತ್ತೇವೆ. ಕಡೆಗೋಲಿಗೆ ಹಗ್ಗ ಸುತ್ತಿ ಹಿಂದೆ ಮುಂದೆ ಎಳೆಯುವುದಕ್ಕೂ, ಹಳೆಯ ಕಾಲದ ಮರಗೆಲಸದವನು ಬಿಲ್ಲಿನ ದಾರ ಸುತ್ತಿ ಮರದ ತುಂಡು ತಿರುಗಿಸುತ್ತಿದ್ದುದಕ್ಕೂ ಕೈಯ ಆಟ ಒಂದೇ. ಬೇಲೂರಿನ ದೇವಸ್ಥಾನದ ಬಳಪದ ಕಲ್ಲಿನ ಕಂಬಗಳ ಬಳೆಯಂಥ ಸುತ್ತುಗಳನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಚನ್ನಪಟ್ಟಣದ ಗೊಂಬೆಗಳ ಮೈಕೈ ಅಷ್ಟು ದುಂಡಗೆ ಇರುವುದೂ ಬರೀ ಚೆಂದಕ್ಕಲ್ಲ: ಆಲೆಮರವನ್ನು ತಿರುಗಿಸಿ, ತಿರುಗುತ್ತಿರುವಾಗಲೇ ಅರಗು ಒತ್ತಿ ಬಣ್ಣ ಹತ್ತಿಸುವ ಕೆಲಸದಲ್ಲಿ ದುಂಡು ಬಿಟ್ಟು ಬೇರೆ ಆಕಾರ ಬರುವುದೇ ಇಲ್ಲ. ಲೇತಿಗೆ ಗೊತ್ತಿರುವುದು ಒಂದೇ ಅಕ್ಷರ. ಸೊನ್ನೆ.

ನನಗೆ ಬೇಕಿದ್ದದ್ದು ಚೌಕ.

ಶಾಫ್ಟಿನ ದುಂಡು ಭಾಗ ಒಂದೇ ಭಾನುವಾರದಲ್ಲಿ ತಯಾರಾಯಿತು. 12 ಮಿ.ಮೀ. ಸರಳು. ಅದರ ತುದಿಯ 15 ಮಿ.ಮೀ. ಉದ್ದವನ್ನು ಎಂಟು ಎಂಟರ ಚೌಕ ಮಾಡಬೇಕು. ಇಲ್ಲಿಂದ ಮುಂದೆ ಮಿಲ್ಲಿಂಗ್. ಲೇತಿನಲ್ಲಿ ಜಾಬು ತಿರುಗುತ್ತದೆ, ಟೂಲು ನಿಂತಿರುತ್ತದೆ. ಮಿಲ್ಲಿಂಗಿನಲ್ಲಿ ಟೂಲು ತಿರುಗುತ್ತದೆ, ಜಾಬು ನಿಂತು ಮುಂದೆ ಸರಿಯುತ್ತದೆ. ಬೇರೆ ಮಿಲ್ಲಿಂಗ್ ಮಿಷನ್ನಿಗೆ ಶೆಡ್ಡಿನಲ್ಲಿ ಜಾಗವಿಲ್ಲ, ನನ್ನ ಜೇಬಿನಲ್ಲೂ ಇಲ್ಲ. ಲೇತಿನ ಬೆನ್ನಿಗೇ ಕಂಬ ನಿಲ್ಲಿಸಿ ಮೇಲೊಂದು ಮಿಲ್ಲಿಂಗ್ ತಲೆ ಇಟ್ಟ ತ್ರೀ-ಇನ್-ಒನ್ ಯಂತ್ರಗಳೂ ಸಿಗುತ್ತವೆ. ಚಿತ್ರದಲ್ಲಿ ನೋಡಿದರೆ ಬಾಯಲ್ಲಿ ನೀರು ಬರುತ್ತದೆ. ಮೇಷ್ಟ್ರಿಗೆ ಅದು ಹಿಡಿಸದು: ಕಂಬ ಸಣಕಲು, ಕಟರು ಕಚ್ಚಿದೊಡನೆ ನಡುಗುತ್ತದೆ, ಒಂದು ಕೆಲಸ ಮಾಡುವಾಗ ಇನ್ನೊಂದರ ಸೆಟ್ಟಿಂಗ್ ಕಿತ್ತುಹಾಕಬೇಕು. "ಪುಟ್ಟ ಮನೇಲಿ ಇಬ್ರು ಅಡುಗೆಯವರು ಇದ್ದಂಗೆ."

ಉಳಿದ ದಾರಿ ಹಳೆಯದು: ವರ್ಟಿಕಲ್ ಸ್ಲೈಡ್. ಮೈಫೋರ್ಡಿನ ಟಿ-ಸ್ಲಾಟು ಇದ್ದದ್ದು ಇದಕ್ಕೇ. ಕ್ರಾಸ್ ಸ್ಲೈಡಿನ ಮೇಲೆ ನೆಟ್ಟಗೆ ನಿಲ್ಲುವ, ಹಿಡಿ ತಿರುಗಿಸಿದರೆ ಮೇಲೆ ಕೆಳಗೆ ಹೋಗುವ ಒಂದು ಗಟ್ಟಿ ಹಲಗೆ. ಅದಕ್ಕೊಂದು ಸಣ್ಣ ವೈಸು. ಜಾಬು ವೈಸಿನಲ್ಲಿ, ಕಟರು ಚಕ್ಕಿದ್ದ ಜಾಗದಲ್ಲಿ. ನನ್ನ ಲೇತಿಗೆ ಟಿ-ಸ್ಲಾಟು ಇರಲಿಲ್ಲ. ಹಾಗಾಗಿ ಕ್ರಾಸ್ ಸ್ಲೈಡಿನ ಮೇಲೆ ಟೂಲು ಹೊತ್ತು ಕೂತಿದ್ದ ಟಾಪ್ ಸ್ಲೈಡನ್ನು ಬಿಚ್ಚಿ, ಅಲ್ಲಿಗೆ 16 ಮಿ.ಮೀ. ದಪ್ಪದ ಉಕ್ಕಿನ ತಟ್ಟೆ ಕೂರಿಸಿ, ಅದಕ್ಕೆ ಸ್ಲೈಡು ಬಿಗಿದೆವು.

ಮೊದಲ ದಿನ ಮೇಷ್ಟ್ರು ಮದುವೆಗೆ ಹೋಗಿದ್ದರು. ನಾನು ಜಾಣ, 10 ಮಿ.ಮೀ. ಎಂಡ್ ಮಿಲ್ ಕಟರನ್ನು ಮೂರು ದವಡೆಯ ಚಕ್ಕಿಗೇ ಕಚ್ಚಿಸಿ ಶುರು ಮಾಡಿದೆ. ಎರಡು ಸಲ ಚೆನ್ನಾಗಿ ಹೋಯಿತು. ಮೂರನೆಯ ಸಲ ಗರ್ ಎಂಬ ಸದ್ದು, ಬೆಂಚೇ ಅದುರಿತು. ನೋಡಿದರೆ ಶಾಫ್ಟಿನಲ್ಲಿ ಬೇಡದ ಕಡೆ ಎರಡು ಮಿಲಿಮೀಟರ್ ಆಳದ ಗುಂಡಿ, ಕಟರಿನ ಒಂದು ಹಲ್ಲು ನಾಪತ್ತೆ. ಸಂಜೆ ಬಂದ ಮೇಷ್ಟ್ರು ಬೈಯಲಿಲ್ಲ, ಅದೇ ಹೆಚ್ಚು ಚುಚ್ಚಿತು. ಚಕ್ಕಿನ ದವಡೆಯೂ ಹದಗೊಟ್ಟ ಉಕ್ಕು, ಕಟರಿನ ಕಾಂಡವೂ ಗಡಸು. ಗಾಜಿನ ಮೇಲೆ ಗಾಜು. ಕಟರಿನ ಹಲ್ಲು ಸುರುಳಿಯಾಗಿರುವುದರಿಂದ ಅದು ಕೆಲಸ ಮಾಡುತ್ತ ಮಾಡುತ್ತ ತನ್ನನ್ನೇ ಹೊರಗೆ ಎಳೆದುಕೊಳ್ಳುತ್ತದೆ, ಬಿರಡೆಯಲ್ಲಿ ಸ್ಕ್ರೂ ಇಳಿದ ಹಾಗೆ.

ಮಾರನೆಯ ವಾರ ಕಾಲೆಟ್ಟು ಬಂತು. ಚಕ್ಕನ್ನು ತಿರುಗಿಸುವ ಸ್ಪಿಂಡಲಿನೊಳಗಿನ ಮೋರ್ಸ್ ಟೇಪರ್ ಎಂಬ ಓರೆ ತೂತಿಗೆ ಕೂರುವ, ಕಟರನ್ನು ಸುತ್ತಲಿಂದಲೂ ಮುಷ್ಟಿಯಲ್ಲಿ ಹಿಡಿಯುವ ಸೀಳು ಕೊಳವೆ. ಅದೂ ಅದುರಿ ಸಡಿಲವಾಗದಂತೆ ಸ್ಪಿಂಡಲಿನ ಹಿಂಬದಿಯಿಂದ ಉದ್ದನೆಯ ಬೋಲ್ಟೊಂದು ಹಾದುಬಂದು ಎಳೆದು ಹಿಡಿಯುತ್ತದೆ. ಹೊಸ ಶಾಫ್ಟು ಕಡೆದು, ನಾಲ್ಕು ಮಗ್ಗುಲಿನ ಕಾಲೆಟ್ ಬ್ಲಾಕಿನಲ್ಲಿ ಹಿಡಿದು, ಬ್ಲಾಕನ್ನು ವೈಸಿಗೆ ಕೊಟ್ಟೆವು. ಒಂದು ಮಗ್ಗುಲು ಮುಗಿದರೆ ಬ್ಲಾಕು ಮಗುಚಿದರಾಯಿತು, 90 ಡಿಗ್ರಿ ತಾನೇ ಬರುತ್ತದೆ.

ಲೆಕ್ಕ ಮೇಷ್ಟ್ರು ಸೀಮೆಸುಣ್ಣದಲ್ಲಿ ಗೋಡೆಗೆ ಬರೆದರು. ಮೆದು ಉಕ್ಕು, ಸಾಧಾರಣ ಎಚ್‌ಎಸ್‌ಎಸ್ ಕಟರು, ನಿಮಿಷಕ್ಕೆ 25 ಮೀಟರ್ ವೇಗ, 10 ಮಿ.ಮೀ. ದಪ್ಪಕ್ಕೆ ಸುಮಾರು 800 ಸುತ್ತು. ಮಗ್ಗುಲಿಗೆ 2 ಮಿ.ಮೀ. ತೆಗೆಯಬೇಕು. ದೊಡ್ಡ ಮಿಲ್ಲಿಂಗ್ ಮಿಷನ್ನಾದರೆ ಒಂದೇ ತುತ್ತು. ನಮ್ಮದಕ್ಕೆ 0.3ರಂತೆ ಆರು ತುತ್ತು, ಕೊನೆಗೆ 0.2ರದ್ದೊಂದು, ಏಳು. ನಾಲ್ಕು ಮಗ್ಗುಲಿಗೆ 28 ಸಲ. ಕ್ಯಾರೇಜು ಕದಲದಂತೆ ಬಿಗಿ, ವರ್ಟಿಕಲ್ ಸ್ಲೈಡು ಕದಲದಂತೆ ಬಿಗಿ, ಸರಿಯುವುದು ಒಂದೇ ಒಂದು ಇರಲಿ. ಕ್ರಾಸ್ ಸ್ಲೈಡಿನ ಹಿಡಿಯನ್ನು ನಾನು ಮೆಲ್ಲಗೆ ತಿರುಗಿಸುತ್ತ ಹೋದೆ. ಕಿವಿಯೇ ಮೀಟರು. ರವೆ ಹುರಿಯುವ ಸದ್ದು ಬಂದರೆ ಸರಿ, ಕೀರಲು ದನಿ ಬಂದರೆ ಕೈ ನಿಧಾನ. ಸಿಪ್ಪೆ ಸುರುಳಿಯಾಗಿ ಬರಲಿಲ್ಲ, ತೆಂಗಿನ ತುರಿಯಂತೆ ಸಣ್ಣಗೆ ಉದುರಿತು. ಬ್ರಷ್ಷಿನಲ್ಲಿ ಎಣ್ಣೆ ಹಚ್ಚುವುದು ಮೇಷ್ಟ್ರ ಪಾಲು. ಹತ್ತೊಂಬತ್ತನೆಯ ಸಲಕ್ಕೆ ಕರೆಂಟು ಹೋಯಿತು. ಇಬ್ಬರೂ ಕೂತು ಕಡಲೆಕಾಯಿ ತಿಂದೆವು.

ತಿಂಗಳಿಗೊಂದೆರಡು ಚೌಕ, ಶಾಫ್ಟಿನಲ್ಲಿ ಕೀಲು ಕೂರಿಸಲು ಒಂದು ಕೀ-ವೇ ಬೇಕಾದವರಿಗೆ ಈ ಏರ್ಪಾಡು ಧಾರಾಳ ಸಾಕು. ದಿನವೂ ಚಪ್ಪಟೆ ಕೆಲಸವೇ ಇರುವವರು ಇದರ ತಂಟೆಗೆ ಹೋಗದೆ ಸಣ್ಣದಾದರೂ ಬೇರೆ ಮಿಲ್ಲಿಂಗ್ ಮಿಷನ್ನನ್ನೇ ಕೊಳ್ಳುವುದು ಒಳ್ಳೆಯದು. ಎರಡಕ್ಕೂ ಒಂದು ಮಾತು: ಲೇತಿಗೆ ಎಷ್ಟು ದುಡ್ಡು ಎತ್ತಿಡುತ್ತೀರೋ ಕಾಲೆಟ್ಟು, ಕಟರು, ವೈಸು, ಡಯಲ್ ಗೇಜು ಎಂದು ಹೆಚ್ಚುಕಮ್ಮಿ ಅಷ್ಟೇ ದುಡ್ಡು ಆಮೇಲೆ ಕರಗುತ್ತದೆ. ಮನೆಯಲ್ಲಿ ಅದನ್ನು ಮೊದಲೇ ಹೇಳಿಟ್ಟಿರಿ. ನಾನು ಹೇಳಿರಲಿಲ್ಲ.

ಕರೆಂಟು ಬಂದ ಮೇಲೆ ಉಳಿದ ಒಂಬತ್ತೂ ಮುಗಿದವು. ಮೇಷ್ಟ್ರು ಮೈಕ್ರೋಮೀಟರ್ ಹಿಡಿದು ಎರಡು ಕಡೆಯಿಂದಲೂ ಅಳೆದರು: ಒಂದು ಕಡೆ 7.97, ಇನ್ನೊಂದು ಕಡೆ 7.99. "ಕಾಫಿಗೆ ಸಾಕು" ಎಂದರು. ಇನ್ನು ಹಿಡಿಯ ತೂತು. ಅದೂ ಸವೆದಿತ್ತು, ಹೊಸ ಹಿಡಿಗೆ ಹೊಸ ಚೌಕ ತೂತು ಬೇಕು. ತಿರುಗುವ ಕಟರು ತೂತಿನೊಳಗೆ ಮೂಲೆ ತೆಗೆಯಲಾರದು. ಏಳೂವರೆ ಮಿಲಿಮೀಟರಿನ ಡ್ರಿಲ್ಲು ಹಾಕಿ, ಮಿಕ್ಕಿದ್ದನ್ನು ಅರದಲ್ಲಿ ಕೈಯಿಂದಲೇ ಉಜ್ಜಿದೆ. ಅದಕ್ಕೆ ಎರಡು ಗಂಟೆ ಹಿಡಿಯಿತು.