ಊಟದ ಬಿಡುವಿನಲ್ಲಿ ಹುಟ್ಟಿದ ಫುಟ್‌ಬಾಲ್ ತಂಡ



ಫುಟ್‌ಬಾಲ್ ಆಟವನ್ನು ನಾವು ನೋಡಿದ್ದೇವೆ. ಎರಡು ತಂಡ. ಒಂದೊಂದು ತಂಡದಲ್ಲಿ 11 ಮಂದಿ. ಚೆಂಡನ್ನು ಒದೆಯುತ್ತಾ ಓಡಬೇಕು. ಎದುರು ತಂಡದ ಗೋಲಿನೊಳಗೆ ಚೆಂಡನ್ನು ನುಗ್ಗಿಸಬೇಕು. ಗೋಲು ಕಾಯುವವರು ಮಾತ್ರ ಚೆಂಡನ್ನು ಕೈಯಲ್ಲಿ ಹಿಡಿಯಬಹುದು. ಉಳಿದವರು ಹಿಡಿಯುವ ಹಾಗಿಲ್ಲ.

ಇದು ಗಂಡಸರ ಆಟ, ಹೆಣ್ಮಕ್ಕಳಿಗೆ ಯಾಕೆ ಅಂತ ಕೇಳುವವರು ಇದ್ದಾರೆ. ನೂರು ವರ್ಷದ ಹಿಂದೆ ಇಂಗ್ಲೆಂಡಿನಲ್ಲೂ ಹೀಗೇ ಕೇಳಿದರು. ಅಲ್ಲಿ ದುಡಿಯುವ ಹೆಂಗಸರೇ ಕಟ್ಟಿದ ಒಂದು ತಂಡವಿತ್ತು. ಅದರ ಕಥೆಯನ್ನು ನಾವು ತಿಳಿಯೋಣ.

ಕಾರ್ಖಾನೆಗೆ ಬಂದ ಹೆಂಗಸರು

ಇಂಗ್ಲೆಂಡಿನ ಉತ್ತರ ಭಾಗದಲ್ಲಿ ಪ್ರೆಸ್ಟನ್ ಎಂಬ ಊರಿದೆ. ಅಲ್ಲಿ ಡಿಕ್ ಕೆರ್ ಎಂಬ ಕಾರ್ಖಾನೆ ಇತ್ತು. ಟ್ರಾಮ್ ಬಂಡಿಗಳನ್ನು, ರೈಲಿನ ಸಾಮಾನುಗಳನ್ನು ಅಲ್ಲಿ ಮಾಡುತ್ತಿದ್ದರು.

1914ರಲ್ಲಿ ಮೊದಲ ಮಹಾಯುದ್ಧ ಶುರುವಾಯಿತು. ಗಂಡಸರು ಸೈನ್ಯಕ್ಕೆ ಹೋದರು. ಕಾರ್ಖಾನೆಯಲ್ಲಿ ಕೆಲಸಕ್ಕೆ ಜನ ಸಾಲದಾಯಿತು. ಆಗ ಹೆಂಗಸರನ್ನು ಕರೆದರು. ಡಿಕ್ ಕೆರ್ ಕಾರ್ಖಾನೆಯಲ್ಲಿ ಯುದ್ಧಕ್ಕೆ ಬೇಕಾದ ಮದ್ದುಗುಂಡು ತಯಾರಾಗತೊಡಗಿತು.

ಮದ್ದುಗುಂಡಿನ ಕೆಲಸ ಸುಲಭದ್ದಲ್ಲ. ಅಂಥ ಅನೇಕ ಕಾರ್ಖಾನೆಗಳಲ್ಲಿ ಮದ್ದು ತುಂಬುವ ಹೆಂಗಸರ ಮೈಬಣ್ಣವೇ ಹಳದಿಗೆ ತಿರುಗುತ್ತಿತ್ತು. ಸಿಡಿದರೆ ಪ್ರಾಣವೇ ಹೋಗುತ್ತಿತ್ತು. ಕೂಲಿ ಮಾತ್ರ ಗಂಡಸರಿಗಿಂತ ಕಡಿಮೆ.

ಊಟದ ಬಿಡುವಿನಲ್ಲಿ ಈ ಹೆಂಗಸರು ಅಂಗಳಕ್ಕೆ ಬಂದು ಚೆಂಡು ಒದೆಯುತ್ತಿದ್ದರು. 1917ರಲ್ಲಿ ಒಂದು ದಿನ ಕಾರ್ಖಾನೆಯ ಹುಡುಗರ ಜೊತೆ ಪಂದ್ಯ ಕಟ್ಟಿ ಆಡಿದರು. ಹುಡುಗರೇ ಸೋತರು! ಕಚೇರಿಯಲ್ಲಿ ಆಲ್ಫ್ರೆಡ್ ಫ್ರಾಂಕ್‌ಲೆಂಡ್ ಎಂಬ ನೌಕರರು ಇದ್ದರು. ಅವರು ಕಿಟಕಿಯಿಂದ ಈ ಆಟ ನೋಡುತ್ತಿದ್ದರು. 'ನೀವು ಯಾಕೆ ಒಂದು ತಂಡ ಕಟ್ಟಬಾರದು?' ಎಂದು ಕೇಳಿದರು. ಹೆಂಗಸರು ಒಪ್ಪಿದರು. ತಂಡಕ್ಕೆ ಡಿಕ್ ಕೆರ್ ಲೇಡೀಸ್ ಎಂಬ ಹೆಸರು ಬಂತು. ಆಲಿಸ್ ಕೆಲ್ ಎಂಬಾಕೆ ನಾಯಕಿಯಾದರು.

ಹತ್ತು ಸಾವಿರ ಜನ ಬಂದರು

1917ರ ಕ್ರಿಸ್‌ಮಸ್ ದಿನ ತಂಡದ ಮೊದಲ ದೊಡ್ಡ ಪಂದ್ಯ ನಡೆಯಿತು. ಊರಿನ ದೊಡ್ಡ ಮೈದಾನವನ್ನೇ ಗೊತ್ತು ಮಾಡಿದ್ದರು. ಎದುರಿಗೆ ಇನ್ನೊಂದು ಕಾರ್ಖಾನೆಯ ಹೆಂಗಸರು. ಯಾರು ನೋಡಲು ಬರುತ್ತಾರೆ ಎಂದು ಕೆಲವರು ನಕ್ಕಿರಬಹುದು. ಆದರೆ 10,000 ಜನ ಬಂದರು. ಡಿಕ್ ಕೆರ್ ತಂಡ 4 ಗೋಲು ಹೊಡೆದು ಗೆದ್ದಿತು.

ಟಿಕೆಟಿನ ಹಣ ಏನಾಯಿತು? ಗಾಯಗೊಂಡ ಸೈನಿಕರ ಆಸ್ಪತ್ರೆಗೆ ಹೋಯಿತು. ಸುಮಾರು 200 ಪೌಂಡು. ಆ ಕಾಲಕ್ಕೆ ಅದು ದೊಡ್ಡ ಮೊತ್ತ.

ಆಮೇಲೆ ಬೇರೆ ಬೇರೆ ಊರುಗಳಿಂದ ಕರೆ ಬರತೊಡಗಿತು. ಹೋದಲ್ಲೆಲ್ಲ ಆಸ್ಪತ್ರೆಗೆ, ಸೈನಿಕರಿಗೆ, ಬಡವರಿಗೆ ಹಣ ಕೂಡಿಸಿ ಕೊಟ್ಟರು. ಆಟಗಾರ್ತಿಯರಿಗೆ ಒಂದು ಪಂದ್ಯಕ್ಕೆ 10 ಶಿಲ್ಲಿಂಗ್ ಸಿಗುತ್ತಿತ್ತು. ಅಂದರೆ ಅರ್ಧ ಪೌಂಡು. ಅದು ದಾರಿ ಖರ್ಚಿಗೆ, ತಪ್ಪಿದ ಕೂಲಿಗೆ. ವಾರವೆಲ್ಲ ದುಡಿಮೆ, ಬಿಡುವಿನಲ್ಲಿ ಆಟ. ಹೀಗಿತ್ತು ಅವರ ಬದುಕು.

1920ರಲ್ಲಿ ಫ್ರಾನ್ಸ್ ದೇಶದ ಹೆಂಗಸರ ತಂಡ ಇಂಗ್ಲೆಂಡಿಗೆ ಬಂತು. ಪ್ರೆಸ್ಟನ್‌ನಲ್ಲಿ ಆ ಪಂದ್ಯ ನೋಡಲು 25,000 ಜನ ಸೇರಿದರು. ಆಮೇಲೆ ನಮ್ಮ ಈ ತಂಡವೂ ಫ್ರಾನ್ಸಿಗೆ ಹೋಗಿ ಆಡಿ ಬಂತು.

ಅದೇ ವರ್ಷ ಡಿಸೆಂಬರಿನಲ್ಲಿ ರಾತ್ರಿ ಒಂದು ಪಂದ್ಯ ಇಟ್ಟರು. ಆಗ ಮೈದಾನದಲ್ಲಿ ವಿದ್ಯುತ್ ದೀಪ ಎಲ್ಲಿತ್ತು? ಸೈನ್ಯದ ಎರಡು ಸರ್ಚ್‌ಲೈಟುಗಳನ್ನು ಕೇಳಿ ತಂದರು. ಚೆಂಡು ಕಾಣಲಿ ಎಂದು ಅದಕ್ಕೆ ಬಿಳಿ ಬಳಿದರು. ಆ ಪಂದ್ಯಕ್ಕೂ 12,000 ಜನ ಬಂದರು.

ಎಲ್ಲಕ್ಕಿಂತ ದೊಡ್ಡ ಪಂದ್ಯ ನಡೆದದ್ದು 1920ರ ಡಿಸೆಂಬರ್ 26ರಂದು, ಲಿವರ್‌ಪೂಲ್ ನಗರದಲ್ಲಿ. ಮೈದಾನದ ಒಳಗೆ 53,000 ಜನ! ಜಾಗ ಸಿಗದೆ ಇನ್ನೂ ಸಾವಿರಾರು ಜನ ಹೊರಗೇ ಉಳಿದರು. ಆ ದಿನ ಕೂಡಿದ ಹಣ 3,000 ಪೌಂಡಿಗೂ ಹೆಚ್ಚು.

ಮೈದಾನದ ಬಾಗಿಲು ಮುಚ್ಚಿತು

1921ರ ಹೊತ್ತಿಗೆ ಇಂಗ್ಲೆಂಡಿನಲ್ಲಿ ಹೆಂಗಸರ ಸುಮಾರು 150 ತಂಡಗಳು ಇದ್ದವು. ಆದರೆ ಯುದ್ಧ ಮುಗಿದಿತ್ತು. ಗಂಡಸರು ವಾಪಸು ಬಂದಿದ್ದರು. ಎಷ್ಟೋ ಹೆಂಗಸರ ಕೆಲಸ ಹೋಗಿತ್ತು. ಇನ್ನು ಮನೆಯಲ್ಲೇ ಇರಿ ಎಂಬ ಮಾತು ಎಲ್ಲ ಕಡೆ ಕೇಳುತ್ತಿತ್ತು.

ಆ ವರ್ಷ ಡಿಸೆಂಬರ್ 5ರಂದು ಇಂಗ್ಲೆಂಡಿನ ಫುಟ್‌ಬಾಲ್ ಸಂಘ ಸಭೆ ಸೇರಿತು. ಫುಟ್‌ಬಾಲ್ ಹೆಂಗಸರಿಗೆ ತಕ್ಕ ಆಟವಲ್ಲ ಎಂದು ತೀರ್ಮಾನಿಸಿತು. ಕೂಡಿದ ಹಣದಲ್ಲಿ ಖರ್ಚಿಗೆ ಹೆಚ್ಚು ಹೋಗುತ್ತಿದೆ ಎಂಬ ದೂರನ್ನೂ ಸೇರಿಸಿತು. ಸಂಘಕ್ಕೆ ಸೇರಿದ ಯಾವ ಕ್ಲಬ್ಬೂ ಹೆಂಗಸರಿಗೆ ಮೈದಾನ ಕೊಡಬಾರದು ಎಂದು ಹೇಳಿತು.

ಇಲ್ಲಿ ಒಂದು ವಿಷಯ ಗಮನಿಸಿ. 'ನೀವು ಆಡಲೇಬಾರದು' ಎಂದು ಸಂಘ ಹೇಳಲಿಲ್ಲ. 'ಮೈದಾನ ಕೊಡಬೇಡಿ' ಎಂದಿತು, ಅಷ್ಟೇ. ಆದರೆ ಪರಿಣಾಮ ಏನು? ಮೈದಾನ ಇಲ್ಲದಿದ್ದರೆ ಜನ ಎಲ್ಲಿ ಕೂರಬೇಕು? ಜನ ಬರದಿದ್ದರೆ ಹಣ ಬರುವುದಿಲ್ಲ. ಹಣ ಇಲ್ಲದಿದ್ದರೆ ತಂಡ ಊರೂರಿಗೆ ಹೋಗಲಾರದು. ಆಟ ಕಾಣದಿದ್ದರೆ ಹೊಸ ಹುಡುಗಿಯರು ಸೇರುವುದಿಲ್ಲ. ಹೀಗೆ ಒಂದೊಂದೇ ತಂಡ ನಿಂತುಹೋಯಿತು.

ಕೆಲವು ವೈದ್ಯರೂ ಆಟ ಹೆಂಗಸರ ಮೈಗೆ ಆಗದು ಎಂದರು. ಆದರೆ ಪಂದ್ಯವನ್ನು ಕಣ್ಣಾರೆ ಕಂಡ ಒಬ್ಬ ವೈದ್ಯೆ ಬೇರೆ ಮಾತು ಹೇಳಿದರು. ದಿನವಿಡೀ ರಾಶಿ ಬಟ್ಟೆ ಒಗೆಯುವುದಕ್ಕಿಂತ ಹೆಚ್ಚಿನ ಅಪಾಯ ಈ ಆಟದಲ್ಲಿ ಇಲ್ಲ ಎಂದರು. ಸರಿಯಾಗೇ ಹೇಳಿದರು ಅಲ್ವಾ? ಬಟ್ಟೆ ಒಗೆಯುವಾಗ, ನೀರು ಹೊರುವಾಗ ಹೆಂಗಸರ ಮೈ ಯಾರ ನೆನಪಿಗೂ ಬರುವುದಿಲ್ಲ. ಆಡಲು ಹೊರಟರೆ ಮಾತ್ರ ಎಲ್ಲರಿಗೂ ಚಿಂತೆ!

ಆದರೂ ಆಟ ಬಿಡಲಿಲ್ಲ

ಡಿಕ್ ಕೆರ್ ತಂಡದವರು ಸುಮ್ಮನೆ ಕೂರಲಿಲ್ಲ. ಸಿಕ್ಕಿದ ಬಯಲಿನಲ್ಲಿ ಆಡಿದರು. 1922ರಲ್ಲಿ ಹಡಗು ಹತ್ತಿ ಅಮೆರಿಕಕ್ಕೆ ಹೋದರು. ಅಲ್ಲಿ ಗಂಡಸರ ತಂಡಗಳ ಎದುರೇ ಆಡಿದರು. ಕೆಲವು ಪಂದ್ಯಗಳನ್ನು ಗೆದ್ದೂ ಗೆದ್ದರು.

1926ರಲ್ಲಿ ಕಾರ್ಖಾನೆಗೂ ತಂಡಕ್ಕೂ ಸಂಬಂಧ ಕಡಿಯಿತು. ತಂಡ ಪ್ರೆಸ್ಟನ್ ಲೇಡೀಸ್ ಎಂದು ಹೆಸರು ಬದಲಿಸಿಕೊಂಡು ಮುಂದುವರಿಯಿತು.

ಈ ತಂಡದಲ್ಲಿ ಲಿಲಿ ಪಾರ್ ಎಂಬಾಕೆ ಇದ್ದರು. ಬಡವರ ಮನೆಯ ಹುಡುಗಿ. 1905ರಲ್ಲಿ ಹುಟ್ಟಿದವರು. ಎತ್ತರದ ಆಳು. ಎಡಗಾಲಿನಿಂದ ಒದ್ದರೆ ಚೆಂಡು ಗುಂಡಿನಂತೆ ಹೋಗುತ್ತಿತ್ತು. ಹದಿಹರೆಯದಲ್ಲೇ ತಂಡ ಸೇರಿದ ಅವರು 1951ರವರೆಗೂ ಆಡಿದರು. ಹೊಟ್ಟೆಪಾಡಿಗೆ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಮಾಡಿದರು.

ಕೊನೆಗೆ ಸಾಕಷ್ಟು ಆಟಗಾರ್ತಿಯರು ಸಿಗದೆ 1965ರಲ್ಲಿ ತಂಡ ಮುಚ್ಚಿತು. ಅಷ್ಟರಲ್ಲಿ ಅವರು ಆಡಿದ್ದು 828 ಪಂದ್ಯ. ಗೆದ್ದದ್ದು 758. ಸಮ ಆದದ್ದು 46. ಸೋತದ್ದು ಬರೀ 24. ಬೇಕಾದರೆ ನೀವೇ ಕೂಡಿಸಿ ನೋಡಿ, ಲೆಕ್ಕ ಸರಿಯಾಗಿದೆಯೇ ಎಂದು.

ಬಾಗಿಲು ಮತ್ತೆ ತೆರೆಯಿತು

1971ರ ಹೊತ್ತಿಗೆ ಆ ನಿಷೇಧ ಹೋಯಿತು. ಅಂದರೆ ಸುಮಾರು 50 ವರ್ಷ ಬೇಕಾಯಿತು. ಅಷ್ಟರಲ್ಲಿ ಎರಡು ತಲೆಮಾರಿನ ಹುಡುಗಿಯರು ದೊಡ್ಡ ಮೈದಾನ ಕಾಣದೆ ಮುದುಕಿಯರಾದರು. 2008ರಲ್ಲಿ ಫುಟ್‌ಬಾಲ್ ಸಂಘ ಇದಕ್ಕಾಗಿ ಕ್ಷಮೆ ಕೇಳಿತು.

ಲಿಲಿ ಪಾರ್ 1978ರಲ್ಲಿ ತೀರಿಕೊಂಡಿದ್ದರು. ಕ್ಷಮೆಯ ಮಾತು ಕೇಳಲು ಅವರು ಇರಲಿಲ್ಲ. 2019ರಲ್ಲಿ ಮ್ಯಾಂಚೆಸ್ಟರ್ ನಗರದ ಫುಟ್‌ಬಾಲ್ ವಸ್ತು ಸಂಗ್ರಹಾಲಯದಲ್ಲಿ ಅವರ ಪ್ರತಿಮೆ ನಿಲ್ಲಿಸಿದರು.

2022ರಲ್ಲಿ ಇಂಗ್ಲೆಂಡಿನ ಹೆಂಗಸರ ತಂಡ ಯುರೋಪಿನ ಕಪ್ ಗೆದ್ದಿತು. ಆ ದಿನ ಮೈದಾನದಲ್ಲಿ 87,000ಕ್ಕೂ ಹೆಚ್ಚು ಜನ ಇದ್ದರು. 2025ರಲ್ಲಿ ಆ ಕಪ್ಪನ್ನು ಮತ್ತೆ ಗೆದ್ದರು.

ನಾವು ಯೋಚಿಸೋಣ

ಈ ತಂಡ ಹೇಗೆ ಬೆಳೆಯಿತು? ದುಡಿಯುವ ಹೆಂಗಸರು ಒಟ್ಟಿಗೆ ಸೇರಿದರು. ಇದ್ದ ಸ್ವಲ್ಪ ಬಿಡುವನ್ನೇ ಬಳಸಿಕೊಂಡರು. ಗಳಿಸಿದ್ದನ್ನು ಕಷ್ಟದಲ್ಲಿದ್ದವರಿಗೂ ಕೊಟ್ಟರು. ಅದಕ್ಕೇ ಜನ ಅವರ ಬೆನ್ನಿಗೆ ನಿಂತರು.

ಹೇಗೆ ಕುಗ್ಗಿತು? ಶಕ್ತಿ ಇಲ್ಲದೆ ಅಲ್ಲ. ಜಾಗ ಸಿಗದೆ.

ನಿಮ್ಮ ಗುಂಪಿನಲ್ಲಿ ಇದನ್ನು ಓದಿ ಮಾತಾಡಿ. ನಮ್ಮೂರ ಶಾಲೆಯ ಬಯಲಿನಲ್ಲಿ ಸಂಜೆ ಯಾರು ಆಡುತ್ತಾರೆ? ಹುಡುಗಿಯರು ಯಾಕೆ ಕಾಣುವುದಿಲ್ಲ? ಅವರಿಗೆ ಆಡುವ ಆಸೆ ಇಲ್ಲವೇ? ಅಥವಾ ಹೊತ್ತು, ಜಾಗ ಎರಡನ್ನೂ ನಾವೇ ಅವರಿಗೆ ಕೊಟ್ಟಿಲ್ಲವೇ? ನಿಮ್ಮ ಮಗಳನ್ನೇ ಒಮ್ಮೆ ಕೇಳಿ ನೋಡಿ.